ಹೊಸ ಪೇಂಟು, ಹಳೆಯ ವಿ8: ಮಸಲ್ ಕಾರು ರಿಪೇರಿ ಪ್ರಶ್ನೋತ್ತರ

ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಈ ಸಲ ಬಂದ ಪತ್ರಗಳೆಲ್ಲ 1960-70ರ ವಿ8 ಮಸಲ್ ಕಾರುಗಳ (ಎಂಟು ಸಿಲಿಂಡರಿನ ಭಾರಿ ಎಂಜಿನ್ ಇರುವ ವೇಗದ ಕಾರುಗಳ) ಬಗ್ಗೆಯೇ. ಎಲ್ಲವೂ ಬಿಚ್ಚಿ, ಪೇಂಟ್ ಮಾಡಿಸಿ, ಮತ್ತೆ ಜೋಡಿಸಿದ ಗಾಡಿಗಳು. ಇಂಥ ಗಾಡಿ ಕೆಟ್ಟರೆ ಅದರ ವಯಸ್ಸನ್ನು ದೂರುವ ಮೊದಲು ಇತ್ತೀಚೆಗೆ ಯಾವ ಪಾರ್ಟು ಬದಲಾಗಿದೆ, ಎಲ್ಲಿ ಪೇಂಟ್ ಬಿದ್ದಿದೆ ಎಂದು ನೋಡಿ. ಮೀಟರ್ ಇಟ್ಟು ಅಳೆಯದೆ ಹೊಸ ಪಾರ್ಟು ತರಬೇಡಿ.

ಪ್ರಶ್ನೆ: ನನ್ನದು 1969ರ ಶೆವ್ರೊಲೆ ಕ್ಯಾಮಾರೋ, 350 (ಘನ ಇಂಚು) ಎಂಜಿನ್. ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿದು ಕೊಡುವ ಹಳೆಯ ಸ್ವಿಚ್) ತೆಗೆದು ಎಚ್‌ಇಐ ಎಂಬ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಪಾರ್ಟು) ಹಾಕಿಸಿದ ಮೇಲೆ 3500 ಆರ್‌ಪಿಎಂ ದಾಟಿದರೆ ಎಂಜಿನ್ ಮಿಸ್ ಹೊಡೆಯುತ್ತದೆ. ನಿಧಾನಕ್ಕೆ ಓಡಿಸಿದರೆ ಏನೂ ಇಲ್ಲ. ಕಾರ್ಬುರೇಟರ್ ಹೊಸದು ಹಾಕಿದರೂ ಸರಿಹೋಗಲಿಲ್ಲ. (ಟ್ರಾಯ್, ಮಿಷಿಗನ್)

ಉತ್ತರ: ಕಾರ್ಬುರೇಟರ್ ಮುಟ್ಟಬೇಡಿ. ಎಂಜಿನ್ ಓಡುತ್ತಿರುವಾಗ ಡಿಸ್ಟ್ರಿಬ್ಯೂಟರ್ ಕ್ಯಾಪಿನ ‘ಬ್ಯಾಟ್’ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದರೆ ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಎಂಟೋ ಹತ್ತೋ ತೋರಿಸಿದರೆ ಕಾರಣ ಸಿಕ್ಕಿತು.

ಆ ಕಾಲದ ಶೆವ್ರೊಲೆ ಗಾಡಿಗಳಲ್ಲಿ ಕಾಯಿಲ್‌ಗೆ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಮಾಡುವ ಸುರುಳಿ) ಹೋಗುವ ವೈರ್ ಸಾಧಾರಣ ತಾಮ್ರದ ವೈರ್ ಅಲ್ಲ, ರೆಸಿಸ್ಟೆನ್ಸ್ ವೈರ್. ಪಾಯಿಂಟ್ ಸುಡದಿರಲಿ ಎಂದು ಕಂಪನಿಯೇ ಕರೆಂಟ್ ಕಡಿಮೆ ಮಾಡಿ ಕೊಟ್ಟಿತ್ತು. ಎಚ್‌ಇಐಗೆ ಪೂರ್ತಿ 12 ವೋಲ್ಟ್ ಬೇಕು. 3500 ಆರ್‌ಪಿಎಂನಲ್ಲಿ ವಿ8 ಎಂಜಿನ್‌ಗೆ ನಿಮಿಷಕ್ಕೆ 14,000 ಕಿಡಿ ಬೇಕಾಗುತ್ತದೆ. ಅಂದರೆ ಒಂದು ಕಿಡಿಗೂ ಇನ್ನೊಂದಕ್ಕೂ ನಡುವೆ ಸಿಗುವುದು ಒಂದು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗ ಮಾತ್ರ. ವೋಲ್ಟೇಜ್ ಕಡಿಮೆಯಿದ್ದರೆ ಅಷ್ಟರಲ್ಲಿ ಕಾಯಿಲ್ ತುಂಬಿಕೊಳ್ಳುವುದಿಲ್ಲ. ಐಡ್ಲಿಂಗ್‌ನಲ್ಲಿ ಸಮಯ ಸಾಕಷ್ಟು ಇರುವುದರಿಂದ ತೊಂದರೆ ಗೊತ್ತಾಗುವುದೇ ಇಲ್ಲ.

ರಿಪೇರಿಗೆ ಒಂದು 30 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹತ್ತಿಸುವ ಸ್ವಿಚ್) ಸಾಕು. ಹಳೆಯ ರೆಸಿಸ್ಟೆನ್ಸ್ ವೈರನ್ನು ಕತ್ತರಿಸಿ ಎಸೆಯಬೇಡಿ, ರಿಲೇಯ 85ನೇ ಪಿನ್ನಿಗೆ ಕೊಡಿ. ರಿಲೇ ಎಳೆಯುವ ಕರೆಂಟ್ ತೀರಾ ಕಡಿಮೆ, ಆ ವೈರ್ ಅದಕ್ಕೆ ಧಾರಾಳವಾಗಿ ಸಾಲುತ್ತದೆ. 86ನ್ನು ಬಾಡಿಗೆ ಅರ್ತ್ ಮಾಡಿ. ಬ್ಯಾಟರಿಯಿಂದ 20 ಆಂಪಿಯರ್ ಫ್ಯೂಸ್ ಮೂಲಕ 12 ಗೇಜ್ ವೈರ್ ಎಳೆದು 30ಕ್ಕೆ ಕೊಡಿ. 87ರಿಂದ ಎಚ್‌ಇಐಗೆ ಸಂಪರ್ಕ. ಸೆಲ್ಫ್ ಸಾಲಿನಾಯ್ಡ್‌ನಿಂದ ಕಾಯಿಲ್‌ಗೆ ಬರುತ್ತಿದ್ದ ಹಳದಿ ವೈರನ್ನೂ ಅದೇ 85ಕ್ಕೆ ಸೇರಿಸಿ. ಇಲ್ಲದಿದ್ದರೆ ಸೆಲ್ಫ್ ಹೊಡೆಯುವಾಗ ಕಿಡಿ ಸಿಗದೆ, ಕೀ ಬಿಟ್ಟಾಗ ಮಾತ್ರ ಎಂಜಿನ್ ಎದ್ದೇಳಲು ನೋಡಬಹುದು.

ಪ್ಲಗ್ ಗ್ಯಾಪನ್ನು ಪಾಯಿಂಟ್ ಕಾಲದ 0.035 ಇಂಚಿನಲ್ಲೇ ಬಿಟ್ಟಿದ್ದರೆ 0.045ಕ್ಕೆ ತನ್ನಿ. ವೋಲ್ಟೇಜ್ ಸರಿಯಾದ ಮೇಲೆ ಈ ಕೆಲಸ. ಮೊದಲೇ ಗ್ಯಾಪ್ ಅಗಲ ಮಾಡಿದರೆ ಮಿಸ್ಸಿಂಗ್ ಇನ್ನೂ ಜಾಸ್ತಿಯಾಗುತ್ತದೆ.

ಇಷ್ಟಾದರೂ ಪಿಕಪ್ ಮಂಕಾಗಿದ್ದರೆ ಟೈಮಿಂಗ್, ಅಂದರೆ ಪಿಸ್ಟನ್ ಮೇಲಕ್ಕೆ ತಲುಪುವ ಎಷ್ಟು ಮೊದಲು (ಅಡ್ವಾನ್ಸ್) ಕಿಡಿ ಬೀಳುತ್ತದೆ ಎಂದು ನೋಡಿ. ವ್ಯಾಕ್ಯೂಮ್ ಅಡ್ವಾನ್ಸ್ ಪೈಪ್ ಕಳಚಿ ಬಾಯಿ ಮುಚ್ಚಿ. ಎಂಜಿನ್ನನ್ನು 3000 ಆರ್‌ಪಿಎಂಗೆ ಏರಿಸಿದಾಗ ಒಟ್ಟು ಅಡ್ವಾನ್ಸ್ 34ರಿಂದ 36 ಡಿಗ್ರಿ ಇರಬೇಕು. ಇಪ್ಪತ್ತರ ಹತ್ತಿರವೇ ನಿಂತರೆ ಡಿಸ್ಟ್ರಿಬ್ಯೂಟರ್ ಒಳಗಿನ ವೆಯ್ಟ್‌ಗಳು ಅಂಟಿಕೊಂಡಿವೆ. ರೋಟರ್ ಬಿಚ್ಚಿ, ಕೈಯಿಂದ ಅಗಲಿಸಿ ಬಿಟ್ಟರೆ ಸ್ಪ್ರಿಂಗ್ ಎಳೆತಕ್ಕೆ ತಟ್ಟನೆ ಹಿಂದಕ್ಕೆ ಬರಬೇಕು.

ಇನ್ನೊಂದು ವಿಷಯ ಹೇಳಲೇಬೇಕು. ಟೈಮಿಂಗ್ ಗುರುತು ಇರುವ ಹಾರ್ಮಾನಿಕ್ ಬ್ಯಾಲೆನ್ಸರ್ (ಕ್ರ್ಯಾಂಕಿನ ಮುಂತುದಿಯ ಚಕ್ರ) ಎರಡು ತುಂಡಿನದು, ನಡುವೆ ರಬ್ಬರ್. ಐವತ್ತು ವರ್ಷದ ರಬ್ಬರ್ ಸಡಿಲಾಗಿ ಹೊರಗಿನ ಉಂಗುರ ಜರುಗಿದ್ದರೆ ಆ ಗುರುತನ್ನು ನಂಬುವಂತಿಲ್ಲ. ಬ್ಯಾಟರಿ ಕಳಚಿ, ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಒಂದನೇ ಸಿಲಿಂಡರ್‌ಗೆ ಪಿಸ್ಟನ್ ಸ್ಟಾಪ್ ತಿರುಪಿ. ಕ್ರ್ಯಾಂಕನ್ನು ಸ್ಪ್ಯಾನರ್‌ನಿಂದ ನಿಧಾನವಾಗಿ ಒಂದು ಕಡೆಗೆ ತಿರುಗಿಸಿ, ತಡೆದ ಕಡೆ ಗುರುತು ಹಾಕಿ. ಆಮೇಲೆ ಇನ್ನೊಂದು ಕಡೆಗೆ ತಿರುಗಿಸಿ ಮತ್ತೊಂದು ಗುರುತು. ಎರಡರ ನಟ್ಟನಡುವೆ ನಿಜವಾದ ಟಿಡಿಸಿ (ಪಿಸ್ಟನ್ ತೀರಾ ಮೇಲಿರುವ ಜಾಗ). ಹಳೆಯ ಸೊನ್ನೆ ಗುರುತು ಅಲ್ಲಿಗೆ ಕೂಡದಿದ್ದರೆ ಬ್ಯಾಲೆನ್ಸರ್ ಬದಲಿಸಿ. ಉಂಗುರ ಕಳಚಿ ಹಾರಿದರೆ ರೇಡಿಯೇಟರನ್ನೇ ಸೀಳುತ್ತದೆ.

ಪ್ರಶ್ನೆ: 1970ರ ಡಾಜ್ ಚಾಲೆಂಜರ್, 383 ಎಂಜಿನ್, ಪಾಯಿಂಟ್ ಇಗ್ನಿಷನ್. ಕೀ ತಿರುಗಿಸಿ ಹಿಡಿದಿರುವಷ್ಟು ಹೊತ್ತು ಎಂಜಿನ್ ಸ್ಟಾರ್ಟ್ ಆಗುತ್ತದೆ, ಕೀ ಬಿಟ್ಟ ತಕ್ಷಣ ನಿಂತುಹೋಗುತ್ತದೆ. (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಉತ್ತರ: ಬ್ಯಾಲಸ್ಟ್ ರೆಸಿಸ್ಟರ್. ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ಫೈರ್‌ವಾಲ್ ತಗಡಿನ ಮೇಲೆ ಬಿಳಿ ಪಿಂಗಾಣಿಯ ಸಣ್ಣ ಪಟ್ಟಿ ಕಾಣುತ್ತದಲ್ಲ, ಅದು. ಸೆಲ್ಫ್ ಹೊಡೆಯುವಾಗ ಕಾಯಿಲ್‌ಗೆ ಕರೆಂಟ್ ನೇರವಾಗಿ ಬರುತ್ತದೆ, ಕೀ ಬಿಟ್ಟ ಮೇಲೆ ಈ ಪಟ್ಟಿಯ ಮೂಲಕ. ಕೀ ‘ರನ್’ನಲ್ಲಿಟ್ಟು ಪಟ್ಟಿಯ ಎರಡೂ ತುದಿ ಅಳೆಯಿರಿ. ಒಂದು ಕಡೆ 12 ವೋಲ್ಟ್, ಇನ್ನೊಂದು ಕಡೆ ಸೊನ್ನೆ ಇದ್ದರೆ ಒಳಗಿನ ತಂತಿ ತುಂಡಾಗಿದೆ. ಹೊಸದು ಎರಡು ತಂದು ಒಂದನ್ನು ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಇಟ್ಟುಕೊಳ್ಳಿ. ವೈರ್ ತುಂಡು ಹಾಕಿ ಜೋಡಿಸಿಕೊಂಡು ಮನೆ ಸೇರಬಹುದು, ಅದನ್ನೇ ಕಾಯಂ ಮಾಡಿದರೆ ಪಾಯಿಂಟ್ ಸುಟ್ಟುಹೋಗುತ್ತದೆ.

ಎರಡೂ ತುದಿಯಲ್ಲಿ ಸೊನ್ನೆ ಬಂದರೆ ಇಗ್ನಿಷನ್ ಸ್ವಿಚ್ ಅಥವಾ ಫೈರ್‌ವಾಲ್ ದಾಟುವ ದೊಡ್ಡ ಕನೆಕ್ಟರ್ ನೋಡಿ. ಆ ಕಾಲದ ಕ್ರೈಸ್ಲರ್ ಗಾಡಿಗಳಲ್ಲಿ ಆಲ್ಟರ್ನೇಟರ್ ಕರೆಂಟೆಲ್ಲ ಈ ಕನೆಕ್ಟರ್ ದಾಟಿ ಡ್ಯಾಶ್‌ನ ಆಮೀಟರ್‌ಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಟರ್ಮಿನಲ್‌ಗೆ ತುಕ್ಕು ಹಿಡಿದರೆ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. ಬ್ಯಾಟರಿ ಕಳಚಿ ಕನೆಕ್ಟರ್ ಬೇರ್ಪಡಿಸಿ ನೋಡಿ. ಕಪ್ಪಾದ, ಕಂದಿದ ಪಿನ್ ಒಂದೇ ಒಂದು ಕಂಡರೂ ಅದನ್ನು ಸರಿಮಾಡದೆ ಗಾಡಿ ತೆಗೆಯಬೇಡಿ.

ಪ್ರಶ್ನೆ: 1968ರ ಪಾಂಟಿಯಾಕ್ ಜಿಟಿಒಗೆ ಮುಂದೆ ಡಿಸ್ಕ್ ಬ್ರೇಕ್, ಬೂಸ್ಟರ್ (ಪೆಡಲ್ ಒತ್ತಲು ನೆರವಾಗುವ ಪಾರ್ಟು), ಹೊಸ ಮಾಸ್ಟರ್ ಸಿಲಿಂಡರ್ (ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಪಂಪು) ಹಾಕಿಸಿದೆ. ಐದಾರು ಮೈಲಿ ಓಡಿದರೆ ಬ್ರೇಕ್ ಹಿಡಿದುಕೊಳ್ಳುತ್ತದೆ. ಅರ್ಧ ಗಂಟೆ ನಿಲ್ಲಿಸಿದರೆ ತಾನೇ ಬಿಡುತ್ತದೆ. (ಎಡಿಸನ್, ನ್ಯೂಜೆರ್ಸಿ)

ಉತ್ತರ: ಬ್ರೇಕ್ ಹಿಡಿದುಕೊಂಡಿರುವಾಗಲೇ ಪರೀಕ್ಷೆ ಮಾಡಬೇಕು, ತಣ್ಣಗಾದ ಮೇಲೆ ಏನೂ ತಿಳಿಯುವುದಿಲ್ಲ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂಭಾಗವನ್ನು ಜಾಕಿ ಸ್ಟ್ಯಾಂಡ್ ಮೇಲೆ ಕೂರಿಸಿ. ಇನ್ನು ಮೇಲಿನಿಂದ ಕೆಳಕ್ಕೆ ಬನ್ನಿ.

ಮೊದಲು ಮಾಸ್ಟರ್ ಸಿಲಿಂಡರನ್ನು ಬೂಸ್ಟರ್‌ಗೆ ಹಿಡಿದಿರುವ ಎರಡು ನಟ್ ಸಡಿಲಿಸಿ, ಕಾಲಂಗುಲ ಮುಂದಕ್ಕೆ ಎಳೆಯಿರಿ. ಚಕ್ರ ಬಿಟ್ಟರೆ ಬೂಸ್ಟರ್‌ನ ಪುಶ್‌ರಾಡ್ ಉದ್ದವಾಗಿದೆ. ಪೆಡಲ್ ಬಿಟ್ಟಾಗಲೂ ಅದು ಪಿಸ್ಟನ್ನನ್ನು ಸ್ವಲ್ಪ ತಳ್ಳಿಕೊಂಡೇ ಇರುತ್ತದೆ. ಬ್ರೇಕ್ ಆಯಿಲ್ ವಾಪಸ್ ಹೋಗಬೇಕಾದ ಸಣ್ಣ ರಂಧ್ರ ಮುಚ್ಚಿಕೊಳ್ಳುತ್ತದೆ. ಓಡುತ್ತ ಓಡುತ್ತ ಆಯಿಲ್ ಬಿಸಿಯಾಗಿ ಹಿಗ್ಗಿದಾಗ ಹೋಗಲು ದಾರಿಯಿಲ್ಲದೆ ಪ್ಯಾಡುಗಳನ್ನು ಒತ್ತುತ್ತದೆ. ನೀವು ಬರೆದ ಲಕ್ಷಣ ಇದಕ್ಕೇ ಸರಿಯಾಗಿ ಹೊಂದುತ್ತದೆ. ಬೂಸ್ಟರನ್ನೂ ಮಾಸ್ಟರ್ ಸಿಲಿಂಡರನ್ನೂ ಬೇರೆ ಬೇರೆ ಕಡೆಯಿಂದ ತಂದಾಗ ಇದು ಮಾಮೂಲು. ರಾಡಿನ ತುದಿಯ ತಿರುಪನ್ನು ಒಳಕ್ಕೆ ತಿರುಗಿಸಿ, ಪಿಸ್ಟನ್‌ಗೂ ರಾಡಿಗೂ ನಡುವೆ ಕೂದಲೆಳೆಯಷ್ಟು ಜಾಗ ಉಳಿಯುವಂತೆ ಮಾಡಿ.

ಅದರಿಂದ ಬಿಡದಿದ್ದರೆ ಮಾಸ್ಟರ್‌ನಿಂದ ಮುಂದಿನ ಬ್ರೇಕಿಗೆ ಹೋಗುವ ಪೈಪಿನ ನಟ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ತೊಂದರೆ ಮಾಸ್ಟರ್ ಒಳಗಿದೆ. ಡ್ರಮ್ ಬ್ರೇಕಿನ ಮಾಸ್ಟರನ್ನೇ ಡಿಸ್ಕಿಗೂ ಕೊಟ್ಟಿದ್ದಾರೆಯೇ ಕೇಳಿ. ಡ್ರಮ್ಮಿಗೆ 10 ಪೌಂಡ್ ಒತ್ತಡ ಉಳಿಸಿಕೊಳ್ಳುವ ವಾಲ್ವ್ ಇರುತ್ತದೆ, ಅದು ಡಿಸ್ಕ್ ಕಡೆ ಇರಲೇಬಾರದು. ಅಲ್ಲಿಯೂ ಬಿಡದಿದ್ದರೆ ಕ್ಯಾಲಿಪರ್‌ನ (ಚಕ್ರದ ಬಳಿ ಪ್ಯಾಡ್ ಒತ್ತುವ ಪಾರ್ಟು) ಬ್ಲೀಡರ್ (ಏರ್ ತೆಗೆಯುವ ತಿರುಪು) ತೆರೆಯಿರಿ. ಆಗ ಬಿಟ್ಟರೆ ರಬ್ಬರ್ ಹೋಸ್ ಒಳಗೆ ಊದಿ ದಾರಿ ಕಟ್ಟಿದೆ, ಎರಡೂ ಕಡೆ ಹೊಸದು ಹಾಕಿ. ಆಗಲೂ ಬಿಡದಿದ್ದರೆ ಕ್ಯಾಲಿಪರ್ ಪಿಸ್ಟನ್ನೇ ಸಿಕ್ಕಿಕೊಂಡಿದೆ. ಚೆಲ್ಲಿದ ಬ್ರೇಕ್ ಆಯಿಲನ್ನು ತಕ್ಷಣ ನೀರು ಹಾಕಿ ತೊಳೆಯಿರಿ, ಹೊಸ ಪೇಂಟನ್ನು ಅದು ಎಬ್ಬಿಸಿಬಿಡುತ್ತದೆ. ಸಡಿಲಿಸಿದ ಪೈಪ್, ಬ್ಲೀಡರ್ ಎಲ್ಲ ಬಿಗಿ ಮಾಡಿ, ಏರ್ ತೆಗೆದು, ಪೆಡಲ್ ಗಟ್ಟಿಯಾಗಿದೆ ಎಂದು ನೋಡಿದ ಮೇಲೆಯೇ ರಸ್ತೆಗಿಳಿಸಿ.

ಪ್ರಶ್ನೆ: 1967ರ ಮಸ್ಟಾಂಗ್. ಡ್ಯಾಶ್ ಪೂರ್ತಿ ಹೊಸದಾಗಿ ಮಾಡಿಸಿದ ಮೇಲೆ ಕೀ ಹಾಕಿದರೆ ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಪೂರ್ತಿ ಮೇಲಕ್ಕೆ ಹೋಗುತ್ತವೆ. ಎರಡೂ ಸೆಂಡರ್ (ಮುಳ್ಳಿಗೆ ಅಳತೆ ಕಳಿಸುವ ಪಾರ್ಟು) ಬದಲಿಸಬೇಕೆ? (ಸಿಯಾಟಲ್)

ಉತ್ತರ: ಬೇಡ. ಎರಡು ಮುಳ್ಳು ಒಟ್ಟಿಗೆ ತಪ್ಪಿದರೆ ಎರಡಕ್ಕೂ ಸೇರಿದ ಪಾರ್ಟನ್ನು ನೋಡಬೇಕು. ಮೀಟರ್ ಪೆಟ್ಟಿಗೆಯ ಹಿಂದೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ವೋಲ್ಟೇಜ್ ರೆಗ್ಯುಲೇಟರ್ ಇದೆ. ಅದು 12 ವೋಲ್ಟನ್ನು ಹತ್ತಿಸಿ ಆರಿಸಿ, ಸರಾಸರಿ 5 ವೋಲ್ಟ್ ಆಗುವಂತೆ ಮೀಟರ್‌ಗಳಿಗೆ ಕೊಡುತ್ತದೆ. ಅದರ ತಗಡಿನ ಕವಚಕ್ಕೆ ಅರ್ತ್ ಸಿಗದಿದ್ದರೆ ಈ ಹತ್ತಿಸಿ ಆರಿಸುವುದು ನಿಂತು 12 ವೋಲ್ಟ್ ನೇರವಾಗಿ ಹೋಗುತ್ತದೆ. ತಿರುಪಿನ ಕೆಳಗೆ ಪೇಂಟ್ ಬಿದ್ದಿದ್ದರೆ ಸಾಕು, ಹೀಗಾಗುತ್ತದೆ.

ತಿರುಪಿನ ಜಾಗವನ್ನು ಎಮರಿ ಕಾಗದದಿಂದ ಲೋಹ ಕಾಣುವವರೆಗೆ ಉಜ್ಜಿ, ಮೀಟರ್ ಪೆಟ್ಟಿಗೆಯಿಂದ ಬಾಡಿಗೆ ಒಂದು ಪ್ರತ್ಯೇಕ ಅರ್ತ್ ವೈರ್ ಕೊಡಿ. ರೆಗ್ಯುಲೇಟರ್‌ನಿಂದ ಹೊರಬರುವ ಕಡೆ ಟೆಸ್ಟ್ ಲ್ಯಾಂಪ್ ಮಿನುಗಿದರೆ ಅದು ಸರಿಯಿದೆ, ಒಂದೇ ಸಮ ಉರಿದರೆ ಕೆಟ್ಟಿದೆ. ಸರಿಯಾಗುವವರೆಗೆ ಕೀ ಆನ್ ಇಡಬೇಡಿ, ಮೀಟರ್‌ಗಳು ಸುಡುತ್ತವೆ. ಮುಂದೆ ಎಂದಾದರೂ ಟ್ಯಾಂಕ್ ಸೆಂಡರ್ ಕೊಂಡರೆ ಅಳೆದು ಕೊಳ್ಳಿ: ಫೋರ್ಡ್‌ನ ಈ ಮೀಟರ್‌ಗೆ ಟ್ಯಾಂಕ್ ಖಾಲಿಯಿದ್ದಾಗ ಸುಮಾರು 73 ಓಮ್, ತುಂಬಿದಾಗ ಸುಮಾರು 10 ಓಮ್ ಬೇಕು. ಜನರಲ್ ಮೋಟಾರ್ಸ್ ಗಾಡಿಗಳ ಸೆಂಡರ್ ಇದಕ್ಕೆ ಉಲ್ಟಾ, ಖಾಲಿಗೆ 0, ತುಂಬಿದರೆ 90.

ಪ್ರಶ್ನೆ: 1970ರ ಷೆವೆಲ್ ಕಾರು ಸಿಗ್ನಲ್‌ನಲ್ಲಿ ನಿಂತರೆ ಬಿಸಿಯಾಗುತ್ತದೆ, ಹೈವೇಯಲ್ಲಿ ಸರಿಯಿರುತ್ತದೆ. 160 ಡಿಗ್ರಿ ಫ್ಯಾರನ್‌ಹೀಟ್ ಥರ್ಮೋಸ್ಟಾಟ್ ಹಾಕಲೇ? (ಹ್ಯೂಸ್ಟನ್)

ಉತ್ತರ: ಅದರಿಂದ ಉಪಯೋಗವಿಲ್ಲ. ಥರ್ಮೋಸ್ಟಾಟ್ ಬೇಗ ತೆರೆದುಕೊಳ್ಳುತ್ತದೆ, ಅಷ್ಟೇ. ಶಾಖ ಹೊರಹಾಕುವುದು ರೇಡಿಯೇಟರ್. 180 ಅಥವಾ 195 ಇರಲಿ. ನಿಂತಾಗ ಬಿಸಿ, ಓಡಿದಾಗ ಸರಿ ಎಂದರೆ ಗಾಳಿ ಸಾಲುತ್ತಿಲ್ಲ. ಫ್ಯಾನ್ ಸುತ್ತಲಿನ ಶ್ರೌಡ್ ಇದೆಯೇ? ಬಿಚ್ಚಿ ಜೋಡಿಸುವಾಗ ಬಿಟ್ಟುಹೋಗುವ ಪಾರ್ಟು ಅದು. ಫ್ಯಾನ್ ರೆಕ್ಕೆ ಅರ್ಧ ಶ್ರೌಡ್ ಒಳಗೆ, ಅರ್ಧ ಹೊರಗೆ ಇರಬೇಕು. ಎಂಜಿನ್ ಬಿಸಿಯಾಗಿದ್ದಾಗ ಆಫ್ ಮಾಡಿ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ತಡೆಯೇ ಇಲ್ಲದೆ ಸುತ್ತುತ್ತಾ ಹೋದರೆ ಫ್ಯಾನ್ ಕ್ಲಚ್ ಹೋಗಿದೆ. ವ್ಯಾಕ್ಯೂಮ್ ಅಡ್ವಾನ್ಸ್ ಕಳಚಿಟ್ಟಿದ್ದರೆ ಜೋಡಿಸಿ. ಐಡ್ಲಿಂಗ್‌ನಲ್ಲಿ ಕಿಡಿ ತಡವಾದರೆ ಎಂಜಿನ್ ಸುಮ್ಮನೆ ಬಿಸಿಯಾಗುತ್ತದೆ.

ಇದಕ್ಕೆ ಉಲ್ಟಾ, ಹೈವೇಯಲ್ಲಿ ಬಿಸಿಯಾದರೆ ನೀರಿನ ಓಟದ ತೊಂದರೆ: ರೇಡಿಯೇಟರ್ ಟ್ಯೂಬ್ ಕಟ್ಟಿರಬಹುದು, ಅಥವಾ ಒಳಗೆ ಸ್ಪ್ರಿಂಗ್ ಇಲ್ಲದ ಕೆಳಗಿನ ಹೋಸ್ ವೇಗದಲ್ಲಿ ಚಪ್ಪಟೆಯಾಗುತ್ತಿರಬಹುದು.

ಪ್ರಶ್ನೆ: 1970ರ ನೋವಾ. 350 ಎಂಜಿನ್ ಹೊಸದಾಗಿ ಕಟ್ಟಿಸಿ 300 ಮೈಲಿ ಆಗಿದೆ. ಒಂದು ಟ್ಯಾಪೆಟ್ ಟಕಟಕ ಎನ್ನುತ್ತದೆ. ರಾಕರ್ ನಟ್ ಬಿಗಿ ಮಾಡಿದರೆ ನಿಲ್ಲುತ್ತದೆ, ವಾರದಲ್ಲಿ ಮತ್ತೆ ಶುರು. (ಅಟ್ಲಾಂಟಾ)

ಉತ್ತರ: ಇನ್ನು ಎಂಜಿನ್ ಓಡಿಸಬೇಡಿ. ಬಿಗಿ ಮಾಡಿದಷ್ಟೂ ಸಡಿಲಾಗುತ್ತಿದ್ದರೆ ಕ್ಯಾಮ್‌ಶಾಫ್ಟ್‌ನಲ್ಲಿ ಆ ವಾಲ್ವನ್ನು ಎತ್ತುವ ಉಬ್ಬು (ಲೋಬ್) ಸವೆಯುತ್ತಿದೆ. ವಾಲ್ವ್ ಕವರ್ ಬಿಚ್ಚಿ, ರಾಕರ್ ಸಡಿಲಿಸಿ ಪಕ್ಕಕ್ಕೆ ಸರಿಸಿ, ಪುಶ್‌ರಾಡ್ ತುದಿಗೆ ಡಯಲ್ ಗೇಜ್ ಇಟ್ಟು ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಷ್ಟು ಎತ್ತುತ್ತದೆ ಎಂದು ಬರೆದುಕೊಂಡು ಬೇರೆ ಸಿಲಿಂಡರಿನ ಅದೇ ಬಗೆಯ ವಾಲ್ವಿಗೆ ಹೋಲಿಸಿ, ಇನ್‌ಟೇಕನ್ನು ಇನ್‌ಟೇಕಿಗೆ, ಎಕ್ಸಾಸ್ಟನ್ನು ಎಕ್ಸಾಸ್ಟಿಗೆ. ಹತ್ತು ಸಾವಿರಾಂಶ ಇಂಚು ಕಡಿಮೆ ಬಂದರೆ ಆ ಕ್ಯಾಮ್ ಮುಗಿಯಿತು. ಆಯಿಲ್ ಫಿಲ್ಟರ್ ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮಿನುಗುವ ಪುಡಿ ಕಂಡರೆ ಬೇರಿಂಗ್‌ಗಳನ್ನೂ ತೆಗೆದು ನೋಡಬೇಕು.

ಕಾರಣ ಬಹುಮಟ್ಟಿಗೆ ಆಯಿಲ್ ಮತ್ತು ಮೊದಲ ಅರ್ಧ ಗಂಟೆ. ಫ್ಲ್ಯಾಟ್ ಟ್ಯಾಪೆಟ್ ಲೋಬಿನ ಮೇಲೆ ಉಜ್ಜಿಕೊಂಡೇ ಓಡುತ್ತದೆ, ಅದನ್ನು ಕಾಪಾಡುವುದು ಆಯಿಲಿನಲ್ಲಿರುವ ಸತು-ರಂಜಕದ ಸಂಯುಕ್ತ. ಈಗಿನ ಕಾರುಗಳ 5ಡಬ್ಲ್ಯೂ-30 ಆಯಿಲಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಕೆಡದಿರಲೆಂದು ರಂಜಕವನ್ನು 800 ಪಿಪಿಎಂಗೆ (ಹತ್ತು ಲಕ್ಷದಲ್ಲಿ 800 ಭಾಗ) ಮಿತಿಗೊಳಿಸಿದ್ದಾರೆ. ನಿಮಗೆ 1200 ಮೀರಿದ ಆಯಿಲ್ ಬೇಕು.

ಹೊಸ ಕ್ಯಾಮ್ ಹಾಕುವಾಗ ಹದಿನಾರೂ ಟ್ಯಾಪೆಟ್ ಹೊಸದೇ ಇರಲಿ. ಲೋಬಿಗೂ ಟ್ಯಾಪೆಟ್ ತಳಕ್ಕೂ ಮಾಲಿ (ಮಾಲಿಬ್ಡಿನಮ್) ಪೇಸ್ಟ್ ಹಚ್ಚಿ. ಡಿಸ್ಟ್ರಿಬ್ಯೂಟರ್ ತೂತಿನಿಂದ ಪ್ರೈಮಿಂಗ್ ಟೂಲ್ ಇಳಿಸಿ, ಆಯಿಲ್ ಪಂಪನ್ನು ಡ್ರಿಲ್‌ನಿಂದ ಗಡಿಯಾರದ ದಿಕ್ಕಿಗೆ ತಿರುಗಿಸಿ, ಹದಿನಾರೂ ರಾಕರ್‌ಗೆ ಆಯಿಲ್ ಬರುವವರೆಗೆ ಬಿಡಬೇಡಿ. ನಡುವೆ ಕ್ರ್ಯಾಂಕನ್ನು ಆಗಾಗ ಕಾಲು ಸುತ್ತು ತಿರುಗಿಸುತ್ತಿರಿ. ಕಾರ್ಬುರೇಟರ್ ತುಂಬಿಸಿ ಟೈಮಿಂಗ್ ಮೊದಲೇ ಕೂಡಿಸಿದ್ದರೆ ಎಂಜಿನ್ ಒಂದೇ ಸಲಕ್ಕೆ ಹಿಡಿಯುತ್ತದೆ. ಸುಮ್ಮನೆ ಸೆಲ್ಫ್ ಹೊಡೆಯುತ್ತಿದ್ದರೆ ಪೇಸ್ಟ್ ಒರೆಸಿಹೋಗುತ್ತದೆ. ಹಿಡಿದ ಕೂಡಲೆ 2000ಕ್ಕೆ ಏರಿಸಿ, 2000-2500ರ ನಡುವೆ ಏರಿಳಿಸುತ್ತ 20ರಿಂದ 30 ನಿಮಿಷ ಓಡಿಸಿ. ಡಬಲ್ ವಾಲ್ವ್ ಸ್ಪ್ರಿಂಗ್ ಇದ್ದರೆ ಈ ಅರ್ಧ ಗಂಟೆಗೆ ಒಳಗಿನದನ್ನು ತೆಗೆದಿಡಿ. ಟೆಂಪರೇಚರ್ ಏರಿದರೂ ಆಯಿಲ್ ಸೋರಿದರೂ ಐಡ್ಲಿಂಗ್‌ಗೆ ಇಳಿಸಬೇಡಿ, ಪೂರ್ತಿ ಆಫ್ ಮಾಡಿ. ತೊಂದರೆ ಸರಿಪಡಿಸಿ ಉಳಿದ ನಿಮಿಷಗಳನ್ನು ಮುಗಿಸಿ, ಆಮೇಲೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ.