ಮಲ್ಟಿವಿಟಮಿನ್ ಡಬ್ಬಿ ಪಕ್ಕಕ್ಕಿಡಿ, ಮೊದಲು ಬಿ12 ನೋಡಿಸಿ

ಓದುಗರ ಪತ್ರಗಳನ್ನು ನಾನು ಭಾನುವಾರ ಬೆಳಗ್ಗೆ ಕಾಫಿ ಜೊತೆ ಓದುತ್ತೇನೆ. ಈ ಸಲ ಕಾಫಿ ಆರಿಯೇ ಹೋಯಿತು. ಹತ್ತರಲ್ಲಿ ಏಳು ಪತ್ರ ಒಂದೇ ಮಾತ್ರೆಯ ಬಗ್ಗೆ. "ದಿನಾ ಒಂದು ಮಲ್ಟಿವಿಟಮಿನ್ ತಗೊಂಡ್ರೆ ಒಳ್ಳೇದಲ್ವಾ ಡಾಕ್ಟ್ರೇ?" ಕ್ಲಿನಿಕ್ಕಿನಲ್ಲೂ ಇದೇ ಪ್ರಶ್ನೆ, ಮದುವೆ ಊಟದ ಪಂಕ್ತಿಯಲ್ಲೂ ಇದೇ ಪ್ರಶ್ನೆ. ಒಂದು ಸಲ ಬರೆದು ಮುಗಿಸಿಬಿಡುತ್ತೇನೆ. ಯಾವ ವಿಟಮಿನ್ ಯಾವ ತರಕಾರಿಯಲ್ಲಿದೆ ಅಂತ ಇಲ್ಲಿ ಹೇಳುವುದಿಲ್ಲ. ಅದು ನಿಮ್ಮ ಮಕ್ಕಳ ಪಾಠಪುಸ್ತಕದಲ್ಲಿದೆ.

ಪ್ರಶ್ನೆ: ನನಗೆ 46 ವರ್ಷ. ಬೆಂಗಳೂರಿನಲ್ಲಿ ಕೂತು ಮಾಡುವ ಕೆಲಸ. ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಶುಗರ್‌ಗೆ ಐದು ವರ್ಷದಿಂದ ಮೆಟ್‌ಫಾರ್ಮಿನ್ ನಡೆಯುತ್ತಿದೆ. ಕೊರೊನಾ ಕಾಲದಲ್ಲಿ ಶುರು ಮಾಡಿದ ಮಲ್ಟಿವಿಟಮಿನ್ ಇನ್ನೂ ಬಿಟ್ಟಿಲ್ಲ. ಆದರೂ ಸಂಜೆಯಾದರೆ ಸುಸ್ತು, ರಾತ್ರಿ ಪಾದ ಜೋಮು ಹಿಡಿಯುತ್ತದೆ. ಬೇರೆ ಬ್ರ್ಯಾಂಡ್ ತೆಗೆದುಕೊಳ್ಳಲೇ?

ಉತ್ತರ: ಬ್ರ್ಯಾಂಡ್ ವಿಷಯ ಆಮೇಲೆ. ನಿಮಗೇ ಗೊತ್ತಿಲ್ಲದ ಹಾಗೆ ಮೂರು ಸುಳಿವು ಕೊಟ್ಟಿದ್ದೀರಿ: ಸಸ್ಯಾಹಾರ, ಮೆಟ್‌ಫಾರ್ಮಿನ್, ಪಾದದ ಜೋಮು. ನೀವು ನನ್ನ ಮುಂದೆ ಕೂತಿದ್ದರೆ ಮಾತು ಮುಗಿಯುವ ಮೊದಲೇ, ರಕ್ತಕ್ಕೂ ನರಕ್ಕೂ ಬೇಕಾದ ವಿಟಮಿನ್ ಬಿ12ರ ಟೆಸ್ಟಿಗೆ ಚೀಟಿ ಬರೆದಿರುತ್ತಿದ್ದೆ.

ಮೊದಲು ದೊಡ್ಡ ಪ್ರಶ್ನೆ. ಆರೋಗ್ಯವಾಗಿರುವವರು ದಿನಾ ಮಲ್ಟಿವಿಟಮಿನ್ ನುಂಗಿದರೆ ಆಯುಸ್ಸು ಜಾಸ್ತಿ ಆಗುತ್ತದಾ? ಅಮೆರಿಕದಲ್ಲಿ ಸುಮಾರು 3,90,000 ಆರೋಗ್ಯವಂತರನ್ನು 20 ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ದಿನಾ ಮಾತ್ರೆ ತೆಗೆದುಕೊಂಡವರು ಹೆಚ್ಚು ಬದುಕಲಿಲ್ಲ. ಅದಕ್ಕೂ ಮುಂಚೆ, 50 ದಾಟಿದ 14,641 ಗಂಡಸರ ಮೇಲೆ ಒಂದು ಪ್ರಯೋಗ ನಡೆದಿತ್ತು. ಅವರೆಲ್ಲ ಡಾಕ್ಟರುಗಳೇ. ಅರ್ಧ ಜನಕ್ಕೆ ನಿಜವಾದ ಮಲ್ಟಿವಿಟಮಿನ್, ಉಳಿದರ್ಧಕ್ಕೆ ಏನೂ ಇಲ್ಲದ ಮಾತ್ರೆ. ಹನ್ನೊಂದು ವರ್ಷ ಕಳೆದ ಮೇಲೆ ನೋಡಿದರೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಯಾವುದೂ ಕಡಿಮೆಯಾಗಿರಲಿಲ್ಲ. ಕ್ಯಾನ್ಸರ್ ಶೇಕಡಾ 8ರಷ್ಟು ಕಡಿಮೆ ಕಂಡಿತು. 60 ದಾಟಿದವರ ಮೇಲಿನ ಇತ್ತೀಚಿನ ಪ್ರಯೋಗಗಳಲ್ಲಿ ನೆನಪಿನ ಶಕ್ತಿಗೆ ಒಂದಿಷ್ಟು ಲಾಭ ಕಂಡಿದ್ದೂ ನಿಜ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಟಿವಿ ಜಾಹೀರಾತಿನಲ್ಲಿ ಕುದುರೆ ಹಾಗೆ ಓಡುವ ಮನುಷ್ಯ ಇದ್ದಾನಲ್ಲ, ಅವನು ಈ ಯಾವ ಪ್ರಯೋಗದಲ್ಲೂ ಸಿಗಲಿಲ್ಲ.

ಒಂದು ಮಾತು ಮಾತ್ರ ಮರೆಯಬಾರದು. ಆ ಜನ ಹೆಚ್ಚಿನವರು ಮಾಂಸ, ಮೀನು, ಮೊಟ್ಟೆ ತಿನ್ನುವವರು. ನಮ್ಮಲ್ಲಿ ತಲೆಮಾರುಗಳಿಂದ ಸೊಪ್ಪು, ಬೇಳೆ, ಮೊಸರಿನ ಮೇಲೆ ಬದುಕಿದ ಮನೆಗಳಿವೆ. ಹಾಗಾಗಿ "ವಿಟಮಿನ್ ಎಲ್ಲಾ ವೇಸ್ಟು" ಅಂತ ಅಲ್ಲಿಯ ಫಲಿತಾಂಶವನ್ನು ತಂದು ಇಲ್ಲಿ ಘೋಷಿಸುವ ಬುದ್ಧಿವಂತರ ಮಾತನ್ನೂ ನಾನು ಒಪ್ಪುವುದಿಲ್ಲ. ನಮಗೆ ಕೊರತೆ ಇದೆ. ಆದರೆ ಇಪ್ಪತ್ತು ಥರದ ಕೊರತೆ ಇಲ್ಲ. ಒಂದೋ ಎರಡೋ ಇರುತ್ತದೆ, ಅದು ಯಾವುದು ಅಂತ ಹುಡುಕಬೇಕು. ಮಲ್ಟಿವಿಟಮಿನ್ ತೆಗೆದುಕೊಳ್ಳುವವರು ಹುಡುಕುವುದನ್ನೇ ಬಿಟ್ಟುಬಿಡುತ್ತಾರೆ. ನನ್ನ ಸಿಟ್ಟು ಇರುವುದು ಅಲ್ಲಿ.

ಈಗ ನಿಮ್ಮ ಬಿ12. ಇದು ಗಿಡದಲ್ಲಿ ಆಗುವ ವಸ್ತುವಲ್ಲ. ಸಸ್ಯಾಹಾರಿಗೆ ಹಾಲು, ಮೊಸರು, ಪನೀರಿನಿಂದ ಬರಬೇಕು. ದಿನಕ್ಕೆ ಬೇಕಾಗಿರುವುದು 2.2 ಮೈಕ್ರೊಗ್ರಾಂ ಅಂತ ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುತ್ತದೆ. ಎರಡು ಲೋಟ ಕಾಫಿಗೆ ಹಾಕಿದ ಹಾಲು, ಊಟದ ಕೊನೆಗೆ ನೀರು ಮಜ್ಜಿಗೆ, ಇಷ್ಟರಿಂದ ಅದು ತುಂಬುವುದಿಲ್ಲ. "ಹುಟ್ಟಿದಾಗಿನಿಂದ ಹೀಗೇ ತಿಂತಿದ್ದೀನಿ, ಏನೂ ಆಗಿಲ್ಲ" ಅನ್ನುತ್ತಾರೆ. ಲಿವರ್‌ನಲ್ಲಿ ಕೆಲವು ವರ್ಷಕ್ಕಾಗುವಷ್ಟು ಬಿ12 ದಾಸ್ತಾನು ಇರುತ್ತದೆ. ಅದು ಕರಗುವವರೆಗೆ ಏನೂ ಗೊತ್ತಾಗುವುದಿಲ್ಲ. ಮೆಟ್‌ಫಾರ್ಮಿನ್ ಬಂದ ಮೇಲೆ ಕರುಳು ಹೀರಿಕೊಳ್ಳುವುದೂ ಕಡಿಮೆಯಾಗುತ್ತದೆ. ಇದರ ಮೇಲೆ ದಿನಾ ಬೆಳಗ್ಗೆ ಗ್ಯಾಸ್ ಮಾತ್ರೆ ನುಂಗುವ ಅಭ್ಯಾಸ ಇದ್ದರೆ ಕೇಳುವುದೇ ಬೇಡ.

ಹಾಗಾದರೆ ನಿಮ್ಮ ಮಲ್ಟಿವಿಟಮಿನ್‌ನಲ್ಲಿ ಬಿ12 ಇಲ್ಲವಾ? ಇದೆ. ಸ್ಟ್ರಿಪ್ ತಿರುಗಿಸಿ, ಕನ್ನಡಕ ಹಾಕಿಕೊಂಡು ಓದಿ. ಕೆಲವದರಲ್ಲಿ 1 ಮೈಕ್ರೊಗ್ರಾಂ, ಕೆಲವದರಲ್ಲಿ 15. ದಾಸ್ತಾನು ಖಾಲಿಯಾದವನಿಗೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹೊಟ್ಟೆಯಲ್ಲಿ ತಯಾರಾಗುವ ಒಂದು ಪ್ರೋಟೀನು ಬಿ12 ಅನ್ನು ಕೈಹಿಡಿದು ಕರುಳಿನೊಳಕ್ಕೆ ಕರೆದೊಯ್ಯಬೇಕು. ಅದು ಒಂದು ಹೊತ್ತಿಗೆ ಹೆಚ್ಚೆಂದರೆ 2 ಮೈಕ್ರೊಗ್ರಾಂನಷ್ಟು ಸಾಗಿಸಬಲ್ಲದು. ಉಳಿದದ್ದರಲ್ಲಿ ಶೇಕಡಾ 1ರಷ್ಟು ಮಾತ್ರ ತಾನಾಗಿ ಒಳಕ್ಕೆ ಜಿನುಗುತ್ತದೆ. ಅದಕ್ಕೇ ಕೊರತೆ ಇದ್ದವರಿಗೆ ನಾವು 1000, 1500 ಮೈಕ್ರೊಗ್ರಾಂ ಮಾತ್ರೆ ಕೊಡುವುದು. ಸಾವಿರದಲ್ಲಿ ಹತ್ತು ಒಳಗೆ ಹೋದರೂ ಆ ದಿನದ ಕೆಲಸ ಆಯಿತು. ನರದ ತೊಂದರೆ ಶುರುವಾಗಿದ್ದರೆ ಇಂಜೆಕ್ಷನ್‌ನಿಂದಲೇ ಶುರು ಮಾಡುತ್ತೇವೆ.

ಹಿಂದೊಮ್ಮೆ ನನ್ನ ಹತ್ತಿರ ಒಬ್ಬರು ನಿವೃತ್ತ ಮೇಷ್ಟ್ರು ಬಂದಿದ್ದರು. ಪಾದ ಉರಿ, ಕತ್ತಲಲ್ಲಿ ನಡೆದರೆ ತೂರಾಟ. ಸ್ನಾನ ಮಾಡುವಾಗ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಬೀಳುವ ಹಾಗಾಗುತ್ತಿತ್ತು. ಎರಡು ವರ್ಷದಿಂದ ಒಂದು ದಿನವೂ ತಪ್ಪದೆ ಮಲ್ಟಿವಿಟಮಿನ್ ತೆಗೆದುಕೊಂಡಿದ್ದರು. "ವಿಟಮಿನ್ ಕೊರತೆ ಇರಕ್ಕೆ ಸಾಧ್ಯನೇ ಇಲ್ಲ ಸಾರ್" ಅಂತ ನನಗೇ ಪಾಠ ಹೇಳಿದರು. ಹಿಮೋಗ್ಲೋಬಿನ್ ಚೆನ್ನಾಗಿಯೇ ಇತ್ತು. ಬಿ12 ಮಾತ್ರ ಪಾತಾಳಕ್ಕೆ ಇಳಿದಿತ್ತು. ಹೀಗಾಗುವುದಕ್ಕೆ ಕಾರಣ ಆ ಮಾತ್ರೆಯಲ್ಲೇ ಇರಬಹುದು. ಅದರಲ್ಲಿರುವ ಫೋಲಿಕ್ ಆ್ಯಸಿಡ್ (ಇನ್ನೊಂದು ಬಿ ವಿಟಮಿನ್) ರಕ್ತ ಸರಿಯಾಗಿರುವ ಹಾಗೆ ತೋರಿಸುತ್ತದೆ, ನರವನ್ನು ಕಾಪಾಡುವುದಿಲ್ಲ. ರಕ್ತದ ರಿಪೋರ್ಟು ನೋಡಿ ಎಲ್ಲರೂ ಸುಮ್ಮನಿರುತ್ತಾರೆ, ಒಳಗೆ ನರ ಹಾಳಾಗುತ್ತಾ ಹೋಗುತ್ತದೆ. ಮೇಷ್ಟ್ರಿಗೆ ಇಂಜೆಕ್ಷನ್ ಕೊಟ್ಟೆವು. ತೂರಾಟ ಕಡಿಮೆಯಾಯಿತು. ಪಾದದ ಉರಿ ಪೂರ್ತಿ ಹೋಗಲಿಲ್ಲ. ತಡವಾಗಿತ್ತು.

ನೀವು ಮಾಡಬೇಕಾದದ್ದು ಇಷ್ಟು. ನಾಳೆ ಬೆಳಗ್ಗೆ ಬಿ12, ಹಿಮೋಗ್ಲೋಬಿನ್, ಥೈರಾಯ್ಡ್, ಮೂರು ತಿಂಗಳ ಶುಗರ್ ನೋಡಿಸಿ. ಮೆಡಿಕಲ್ ಶಾಪ್‌ನವನು ಹೇಳಿದ ಅಂತ ಟೆಸ್ಟಿಗೆ ಮುಂಚೆ ಬಿ12 ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡಿ. ರಿಪೋರ್ಟಿನಲ್ಲಿ ನಂಬರ್ ಸುಮ್ನೆ ಮೇಲೆ ಹಾರುತ್ತದೆ, ಆಮೇಲೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಬಿ12 ನಂಬರ್ (ಪಿಜಿ/ಎಂಎಲ್ ಲೆಕ್ಕದಲ್ಲಿ) 200ಕ್ಕಿಂತ ಕೆಳಗಿದ್ದರೆ ಕೊರತೆ. 200ರಿಂದ 300ರ ಮಧ್ಯೆ ಇದ್ದು ಜೋಮು ಇದ್ದರೆ ನಾನಂತೂ ಕೊರತೆ ಅಂತಲೇ ನೋಡುತ್ತೇನೆ. ಮೆಟ್‌ಫಾರ್ಮಿನ್ ನೀವಾಗಿಯೇ ನಿಲ್ಲಿಸಬೇಡಿ, ಅದು ಒಳ್ಳೆಯ ಔಷಧಿ. ಜೋಮು ಶುಗರ್‌ನಿಂದಲೂ ಬಂದಿರಬಹುದು, ಎರಡೂ ಸೇರಿಯೂ ಇರಬಹುದು. ಪಾದವನ್ನು ಡಾಕ್ಟರ ಕೈಗೆ ಕೊಟ್ಟು ಪರೀಕ್ಷೆ ಮಾಡಿಸಿ. ಫೋನಿನಲ್ಲಿ ಆಗುವ ಕೆಲಸ ಅಲ್ಲ.

ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ಬರುತ್ತದೆ, ಮೊಳಕೆ ಕಾಳಲ್ಲಿದೆ, ಸ್ಪಿರುಲಿನಾ ಎಂಬ ಪಾಚಿ ಪುಡಿಯಲ್ಲಿದೆ ಅನ್ನುವ ವಾಟ್ಸಾಪ್ ಸಂದೇಶ ನನಗೂ ಬಂದಿದೆ. ಇಡ್ಲಿ ಹಿಟ್ಟನ್ನು ನಂಬಿ ಕೂರುವ ಹಾಗಿಲ್ಲ. ಮೊಳಕೆಯಲ್ಲಿ ಇಲ್ಲ. ಸ್ಪಿರುಲಿನಾದಲ್ಲಿ ಇರುವುದರಲ್ಲಿ ಹೆಚ್ಚಿನದು ನಮ್ಮ ಮೈಗೆ ಕೆಲಸಕ್ಕೆ ಬಾರದ ನಕಲಿ ರೂಪ.

ಪ್ರಶ್ನೆ: ಮಲ್ಟಿವಿಟಮಿನ್ ತೆಗೆದುಕೊಂಡರೆ ತೊಂದರೆಯಂತೂ ಇಲ್ಲ ಅಲ್ವಾ? (ದಾವಣಗೆರೆ)

ಉತ್ತರ: ಫಿನ್ಲೆಂಡಿನಲ್ಲಿ 29,133 ಸಿಗರೇಟು ಸೇದುವವರ ಮೇಲೆ ಪ್ರಯೋಗ ಮಾಡಿದಾಗಲೂ ಎಲ್ಲರೂ ಹೀಗೇ ಅಂದುಕೊಂಡಿದ್ದರು. ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೊಟೀನನ್ನೇ ಮಾತ್ರೆಯಾಗಿ ಕೊಟ್ಟರು. 1994ರಲ್ಲಿ ಬಂದ ಫಲಿತಾಂಶ: ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಜಾಸ್ತಿ. ಕ್ಯಾರೆಟ್ ತಿನ್ನಿ, ಏನೂ ಆಗುವುದಿಲ್ಲ. ನೀವು ಬೀಡಿ ಸಿಗರೇಟು ಸೇದುವವರಾದರೆ ಬೀಟಾ ಕ್ಯಾರೊಟೀನ್ ಇರುವ ಮಾತ್ರೆ ಮುಟ್ಟಬೇಡಿ.

ಪ್ರಶ್ನೆ: ವಿಟಮಿನ್ ಡಿ ಪುಡಿ ಪೊಟ್ಟಣ ಎಷ್ಟು ದಿನ ಕುಡಿಯಬಹುದು? (ಮೈಸೂರು)

ಉತ್ತರ: ಅದರಲ್ಲಿ ಇರುವುದು 60,000 ಯೂನಿಟ್. ವಾರಕ್ಕೆ ಒಂದು, ಸಾಮಾನ್ಯವಾಗಿ ಎಂಟು ವಾರ. ಚೀಟಿಯಲ್ಲಿ "ವಾರಕ್ಕೆ" ಅಂತ ಬರೆದದ್ದನ್ನು ದಿನಾ ಅಂತ ಓದಿಕೊಂಡು ಕುಡಿದವರು ವಾಂತಿ, ಮಲಬದ್ಧತೆ, ತಲೆ ಗೊಂದಲ ಅಂತ ಆಸ್ಪತ್ರೆ ಸೇರುತ್ತಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೂ ಪೆಟ್ಟು ಬೀಳುತ್ತದೆ. ಕೋರ್ಸ್ ಮುಗಿದ ಮೇಲೆ ಅದೇ ಹಳೆ ಚೀಟಿ ತೋರಿಸಿ ವರ್ಷಗಟ್ಟಲೆ ಕೊಳ್ಳಬೇಡಿ.

ಪ್ರಶ್ನೆ: ಮಗಳಿಗೆ ಕೂದಲು ಉದುರುತ್ತದೆ. ಬಯೋಟಿನ್ ಕೊಡಬಹುದಾ? (ಹಾಸನ)

ಉತ್ತರ: ಬಯೋಟಿನ್ ಕೊರತೆ ಬಹಳ ಅಪರೂಪ. ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನಿನ ಲೆಕ್ಕ) ನೋಡಿಸಿ, ಥೈರಾಯ್ಡ್ ನೋಡಿಸಿ. ಆದರೆ ಈಗಾಗಲೇ 10,000 ಮೈಕ್ರೊಗ್ರಾಂ ಬಯೋಟಿನ್ ನುಂಗುತ್ತಿದ್ದರೆ ಟೆಸ್ಟಿಗೆ ಮುಂಚೆ ಲ್ಯಾಬಿನವರಿಗೂ ಡಾಕ್ಟರಿಗೂ ಹೇಳಿ. ಅದು ಥೈರಾಯ್ಡ್ ರಿಪೋರ್ಟನ್ನೇ ತಪ್ಪು ತೋರಿಸುತ್ತದೆ. ಇಲ್ಲದ ಕಾಯಿಲೆಗೆ ಔಷಧಿ ಶುರುವಾದೀತು.

ಪ್ರಶ್ನೆ: ಸುಸ್ತಿಗೆ ನಮ್ಮೂರ ಡಾಕ್ಟರು ತಿಂಗಳಿಗೊಂದು ಗ್ಲೂಕೋಸ್ ಬಾಟಲಿಗೆ ವಿಟಮಿನ್ ಸೇರಿಸಿ ಹಾಕುತ್ತಾರೆ.

ಉತ್ತರ: ಬಾಟಲಿಯಲ್ಲಿರುವ ಗ್ಲೂಕೋಸ್ ಒಂದು ಲೋಟ ಪಾನಕಕ್ಕೆ ಸಮ. ಬಣ್ಣ ಬರಲಿ ಅಂತ ಹಳದಿ ಬಿ ಕಾಂಪ್ಲೆಕ್ಸ್. ಅವರ ಬೋರ್ಡಿನ ಮೇಲೆ ರಿಜಿಸ್ಟ್ರೇಷನ್ ನಂಬರ್ ಇದೆಯಾ, ನೋಡಿ ಬನ್ನಿ.

ಪ್ರಶ್ನೆ: ಪಕ್ಕದ ಮನೆ ಆಂಟಿ ಮಾರುವ ವಿಟಮಿನ್ ಡಬ್ಬಿಯಿಂದ ಶುಗರ್ ಹೋಗುತ್ತದಂತೆ.

ಉತ್ತರ: ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ "ಔಷಧಿಯಾಗಿ ಬಳಸುವಂತಿಲ್ಲ" ಅನ್ನುವ ಅರ್ಥದ ಇಂಗ್ಲಿಷ್ ಸಾಲು ಇರುತ್ತದೆ. ಅದನ್ನು ಆಂಟಿಗೆ ಓದಿಸಿ. ಅದು ಆಹಾರದ ಲೈಸೆನ್ಸಿನ ಮೇಲೆ ಮಾರುವ ಸರಕು.

ಪ್ರಶ್ನೆ: ಮದುವೆಯಾಗಿ ಆರು ತಿಂಗಳು. ಮಗು ಬೇಕು ಅಂದುಕೊಂಡಿದ್ದೇವೆ. ಮಲ್ಟಿವಿಟಮಿನ್ ಶುರು ಮಾಡಲೇ? (ಶಿರಸಿ)

ಉತ್ತರ: ಈ ತಿಂಗಳ ಪತ್ರಗಳಲ್ಲಿ ಸರಿಯಾದ ಹೊತ್ತಿಗೆ ಬಂದದ್ದು ಇದೊಂದೇ. ಮಲ್ಟಿವಿಟಮಿನ್ ಬೇಡ, ಫೋಲಿಕ್ ಆ್ಯಸಿಡ್ ಈಗಲೇ ಶುರು ಮಾಡಿ. ಮಗುವಿನ ಬೆನ್ನುಹುರಿಯ ಕೊಳವೆ ಗರ್ಭ ನಿಂತು 28 ದಿನದೊಳಗೆ ಮುಚ್ಚಿಕೊಳ್ಳಬೇಕು. ಮುಟ್ಟು ತಪ್ಪಿತು ಅಂತ ಗೊತ್ತಾಗಿ, ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಆ ಹೊತ್ತು ಕಳೆದಿರುತ್ತದೆ. ಬೆನ್ನುಹುರಿ ತೊಂದರೆಯ ಮಗು ಮೊದಲೇ ಹುಟ್ಟಿದ್ದ ತಾಯಂದಿರಿಗೆ ಗರ್ಭಕ್ಕೆ ಮುಂಚಿನಿಂದ ಫೋಲಿಕ್ ಆ್ಯಸಿಡ್ ಕೊಟ್ಟಾಗ ಅದು ಮರುಕಳಿಸುವುದು ಶೇಕಡಾ 72ರಷ್ಟು ಕಡಿಮೆಯಾಯಿತು ಅಂತ 1991ರಲ್ಲೇ ಗೊತ್ತಾಗಿದೆ. ನಿಮಗೆ ಬೇಕಾದ ಪ್ರಮಾಣವನ್ನು ಡಾಕ್ಟರನ್ನು ಕೇಳಿ. ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲು ಹೇಳಿ.

ಪ್ರಶ್ನೆ: ಮಲ್ಟಿವಿಟಮಿನ್, ಥೈರಾಯ್ಡ್ ಮಾತ್ರೆ ಎರಡನ್ನೂ ಬೆಳಗ್ಗೆ ಒಟ್ಟಿಗೆ ನುಂಗುತ್ತೇನೆ. ಥೈರಾಯ್ಡ್ ಕಂಟ್ರೋಲ್‌ಗೆ ಬರುತ್ತಿಲ್ಲ.

ಉತ್ತರ: ಹೇಗೆ ಬರುತ್ತದೆ? ಮಲ್ಟಿವಿಟಮಿನ್ ಮಾತ್ರೆಯಲ್ಲಿರುವ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಮಾತ್ರೆಯನ್ನು ಕರುಳಿನಲ್ಲೇ ಹಿಡಿದುಬಿಡುತ್ತವೆ. ನಾಲ್ಕು ಗಂಟೆ ಅಂತರ ಇರಲಿ. ಆರು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ. ಅಲ್ಲಿಯವರೆಗೆ ಡೋಸ್ ಏರಿಸಿಕೊಳ್ಳಬೇಡಿ.

ಪ್ರಶ್ನೆ: ಹಾರ್ಟ್ ವಾಲ್ವ್ ಆಪರೇಷನ್ ಆಗಿದೆ, ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆ. ಮಗ ವಿದೇಶದಿಂದ ದೊಡ್ಡ ಮಲ್ಟಿವಿಟಮಿನ್ ಡಬ್ಬಿ ತಂದಿದ್ದಾನೆ. (ಉಡುಪಿ)

ಉತ್ತರ: ಅದರಲ್ಲಿ ವಿಟಮಿನ್ ಕೆ ಇದ್ದರೆ ನಿಮ್ಮ ಮಾತ್ರೆಯ ಕೆಲಸ ಕೆಡುತ್ತದೆ. ಡಬ್ಬಿ ತೆರೆಯಬೇಡಿ. ಮುಂದಿನ ಸಲ ಐಎನ್ಆರ್ ಟೆಸ್ಟಿಗೆ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಟೆಸ್ಟು) ಹೋಗುವಾಗ ಹಾರ್ಟ್ ಡಾಕ್ಟರ ಮೇಜಿನ ಮೇಲೆ ಇಟ್ಟು ಕೇಳಿ. ಮಗನಿಗೆ ಬೇಜಾರಾಗಬಾರದು ಅಂದರೆ, ಮುಂದಿನ ಸಲ ಬರುವಾಗ ಚಾಕೊಲೇಟ್ ತರಲು ಹೇಳಿ.