ಸಂಶೋಧನಾ ಸಂಘ ಮುಚ್ಚಿದರೆ ಎಣಿಕೆಯ ಹಾಳೆಗಳು ಯಾರಿಗೆ ಸೇರಬೇಕು?

ಪ್ರಶ್ನೆ: ನಡಿಗೆ, ಸೈಕಲ್ ಮತ್ತು ಬಸ್ ಸಂಚಾರದ ಬಗ್ಗೆ ಅಧ್ಯಯನ ನಡೆಸುತ್ತಿದ್ದ ನೋಂದಾಯಿತ ಸಂಘವೊಂದರ ಕಾರ್ಯಕಾರಿ ಸಮಿತಿಯಲ್ಲಿ ನಾನಿದ್ದೇನೆ. ಅನುದಾನ ನಿಂತುಹೋದ ಕಾರಣ ಸಂಘವನ್ನು ಮುಚ್ಚಲು ತೀರ್ಮಾನಿಸಿದ್ದೇವೆ. ಬ್ಯಾಂಕಿನಲ್ಲಿ ಸ್ವಲ್ಪ ಠೇವಣಿ, ಕೆಲವು ಕಂಪ್ಯೂಟರ್‌ಗಳು ಮತ್ತು ಬೀರುವಿನ ತುಂಬ, ರಸ್ತೆ ಮತ್ತು ನಿಲ್ದಾಣಗಳಲ್ಲಿ ನಿಂತು ಜನರನ್ನೂ ಸೈಕಲ್‌ಗಳನ್ನೂ ಎಣಿಸಿ ಬರೆದ ಎಣಿಕೆಯ ಹಾಳೆಗಳು ಉಳಿದಿವೆ. ಆರಂಭದಿಂದ ದುಡಿದ ಸದಸ್ಯರಿಗೆ ಹಣವನ್ನು ಹಂಚೋಣ, ಹಾಳೆಗಳನ್ನು ರದ್ದಿಗೆ ಹಾಕೋಣ ಎಂಬ ಮಾತು ಕೇಳಿಬರುತ್ತಿದೆ. ಸರಿಯಾದ ಕ್ರಮ ಯಾವುದು?
— ಓದುಗರು, ತುಮಕೂರು

ಉತ್ತರ: ಹಣ ಹಂಚಿಕೊಳ್ಳುವ ಮಾತನ್ನು ಮೊದಲು ಕೈಬಿಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಣಿಯಾದ ಸಂಘವನ್ನು ವಿಸರ್ಜಿಸುವಾಗ, ಸಾಲ ಮತ್ತು ಬಾಕಿಗಳೆಲ್ಲ ತೀರಿದ ಮೇಲೆ ಉಳಿಯುವ ಆಸ್ತಿಯು ಸದಸ್ಯರಿಗೆ ಸೇರುವುದಿಲ್ಲ. ಅದು ಬೇರೊಂದು ಸಂಘಕ್ಕೆ ಹೋಗಬೇಕು. ಬಾಕಿ ಎಂದರೆ ಬಾಡಿಗೆ, ವಿದ್ಯುತ್ ಬಿಲ್ಲುಗಳಷ್ಟೇ ಅಲ್ಲ, ನೌಕರರ ಸಂಬಳ ಮತ್ತು ಭವಿಷ್ಯನಿಧಿಯೂ ಅದರಲ್ಲಿ ಸೇರುತ್ತವೆ. ಕಂಪ್ಯೂಟರ್‌ಗಳನ್ನು ನೌಕರರೇ ಕೊಳ್ಳಲು ಬಯಸಿದರೆ ನ್ಯಾಯವಾದ ಬೆಲೆ ಪಡೆದು, ರಸೀದಿ ಕೊಟ್ಟು, ಸಭೆಯ ನಡವಳಿಯಲ್ಲಿ ದಾಖಲಿಸಿ. ಸಂಘವು ಆದಾಯ ತೆರಿಗೆಯ ವಿನಾಯಿತಿಗಾಗಿ ನೋಂದಣಿ ಪಡೆದಿದ್ದಲ್ಲಿ ಇನ್ನೊಂದು ಗಡುವಿದೆ: ವಿಸರ್ಜನೆಯಾದ ತಿಂಗಳ ಕೊನೆಯಿಂದ 12 ತಿಂಗಳೊಳಗೆ ಆಸ್ತಿಯನ್ನು ಅಂಥದೇ ನೋಂದಣಿಯುಳ್ಳ ಧರ್ಮಾರ್ಥ ಸಂಸ್ಥೆಗೆ ವರ್ಗಾಯಿಸದಿದ್ದರೆ, ಆಸ್ತಿಯ ಮಾರುಕಟ್ಟೆ ಮೌಲ್ಯದಲ್ಲಿ ಸಾಲ ಕಳೆದು ಉಳಿದ ಮೊತ್ತದ ಮೇಲೆ ಗರಿಷ್ಠ ದರದ ತೆರಿಗೆ ಬೀಳುತ್ತದೆ. ಈ ನಿಯಮ 2016ರ ಜೂನ್ 1ರಿಂದ ಜಾರಿಗೆ ಬಂದಿದ್ದು, ಸಣ್ಣ ಸಂಘಗಳು ಇದನ್ನು ತಿಳಿಯದೆಯೇ ಬಾಗಿಲು ಹಾಕಿಬಿಡುವ ಅಪಾಯವಿದೆ. (ನಿಮ್ಮದು ಸಾರ್ವಜನಿಕ ಟ್ರಸ್ಟ್ ಆಗಿದ್ದರೆ ದಾರಿಯೇ ಬೇರೆ, ಅದನ್ನು ಟ್ರಸ್ಟಿಗಳು ತಮ್ಮಿಷ್ಟದಂತೆ ರದ್ದು ಮಾಡುವಂತಿಲ್ಲ.)

ಹಣಕ್ಕೂ ಕುರ್ಚಿ ಮೇಜುಗಳಿಗೂ ಹೀಗೆ ಕಾನೂನಿನ ಕಾವಲಿದೆ. ಎಣಿಕೆಯ ಹಾಳೆಗಳನ್ನು ಕೇಳುವವರಿಲ್ಲ. ಆದರೆ ನಿಮ್ಮ ಸಂಘದ ನಿಜವಾದ ಆಸ್ತಿ ಬೀರುವಿನಲ್ಲಿರುವುದೇ ಎಂದು ನನಗೆ ತೋರುತ್ತದೆ. ರಾಜ್ಯದಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ನೀಡುವ ಶಕ್ತಿ ಯೋಜನೆ ಆರಂಭವಾದದ್ದು 2023ರ ಜೂನ್ 11ರಂದು. ಅದಕ್ಕೂ ಮೊದಲು ನಿಮ್ಮವರು ಬಸ್ ನಿಲ್ದಾಣದಲ್ಲಿ ನಿಂತು ಹೆಂಗಸರೆಷ್ಟು, ಗಂಡಸರೆಷ್ಟು ಎಂದು ಎಣಿಸಿಟ್ಟಿದ್ದರೆ, ಆ ಎಣಿಕೆಯನ್ನು ಇನ್ನು ಯಾರೂ, ಎಷ್ಟು ಕೋಟಿ ಸುರಿದರೂ, ಮತ್ತೆ ಮಾಡಲಾರರು. ತುಮಕೂರು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದದ್ದು 2016ರಲ್ಲಿ, ಆ ಯೋಜನೆಯ ಅವಧಿ ಮುಗಿದದ್ದು 2025ರ ಮಾರ್ಚ್ ಕೊನೆಗೆ. ರಸ್ತೆಗಳನ್ನು ಅಗೆಯುವ ಮೊದಲು ಬಿ.ಎಚ್. ರಸ್ತೆಯಲ್ಲಿ ಎಷ್ಟು ಜನ ನಡೆಯುತ್ತಿದ್ದರು ಎಂಬ ಲೆಕ್ಕ ನಿಮ್ಮಲ್ಲಿದ್ದರೆ, ಹೊಸ ಕಾಲುದಾರಿಗಳಿಂದ ಪ್ರಯೋಜನವಾಯಿತೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಅದೇ ಆಧಾರ.

ಅಂಕಿಗಳನ್ನು ಮಾತ್ರ ಉಳಿಸಿದರೆ ಸಾಲದು. ಎಣಿಸಿದ ಜಾಗ, ದಿಕ್ಕು, ತಾರೀಖು, ಹೊತ್ತು, ಅಂದು ಸಂತೆಯೋ ಹಬ್ಬವೋ ಮಳೆಯೋ, ಹದಿನೈದು ನಿಮಿಷಕ್ಕೊಮ್ಮೆ ಬರೆದದ್ದೋ ಗಂಟೆಗೊಮ್ಮೆಯೋ, ತಳ್ಳಿಕೊಂಡು ಹೋದ ಸೈಕಲ್ಲನ್ನು ಸೈಕಲ್ ಎಂದು ಲೆಕ್ಕ ಹಾಕಿದಿರೋ ಪಾದಚಾರಿ ಎಂದೋ, ಇವೆಲ್ಲ ದಾಖಲಾಗದಿದ್ದರೆ ಹತ್ತು ವರ್ಷದ ನಂತರ ಓದುವವರಿಗೆ ಆ ಹಾಳೆಯಿಂದ ಏನೂ ತಿಳಿಯುವುದಿಲ್ಲ. ಇವು ಎಣಿಸಿದವರ ತಲೆಯಲ್ಲಿರುವ ಸಂಗತಿಗಳಾದ್ದರಿಂದ, ಅವರು ಬೇರೆ ಕೆಲಸ ಹಿಡಿದು ಊರು ಬಿಡುವ ಮೊದಲೇ ಕೂರಿಸಿ ಬರೆಸಬೇಕು. ಉಳಿದ ಹಣದಲ್ಲಿ ಬಣ್ಣದ ಸ್ಮರಣ ಸಂಚಿಕೆ ತರುವ ಬದಲು, ಅದೇ ಹಣದಿಂದ ಒಬ್ಬರಿಗೆ ಕೆಲವು ತಿಂಗಳ ಸಂಬಳ ಕೊಟ್ಟು ಈ ಕೆಲಸ ಮಾಡಿಸಿ ಎಂಬುದು ನನ್ನ ಸಲಹೆ. ಆಮೇಲೆ ತುಮಕೂರು ವಿಶ್ವವಿದ್ಯಾಲಯದ ಗ್ರಂಥಾಲಯ, ಮಹಾನಗರ ಪಾಲಿಕೆ ಮತ್ತು ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯಕ್ಕೆ ಒಂದೊಂದು ಪ್ರತಿಯನ್ನು ಕೊಡಲು ಪ್ರಯತ್ನಿಸಿ. ಒಂದೇ ಕಡೆ ಕೊಟ್ಟು ನಿಶ್ಚಿಂತರಾಗಬೇಡಿ. ಅನುದಾನದ ಕರಾರಿನಲ್ಲಿ ಮಾಹಿತಿಯ ಹಕ್ಕು ದಾನಿಗಳದು ಎಂದಿದ್ದರೆ ಅವರಿಂದ ಒಪ್ಪಿಗೆಯ ಪತ್ರವನ್ನು ಈಗಲೇ ಪಡೆಯಿರಿ, ಏಕೆಂದರೆ ಸಂಘ ಇಲ್ಲವಾದ ಮೇಲೆ ಪತ್ರ ಬರೆಯಲು ಲೆಟರ್‌ಹೆಡ್ಡೂ ಇರುವುದಿಲ್ಲ.

ಪ್ರಶ್ನೆ: ಪರಿಸರ, ಮಾಲಿನ್ಯ ಎಂದು ಎಲ್ಲರೂ ಮಾತನಾಡುವ ಈ ಕಾಲದಲ್ಲಿ ಸುಸ್ಥಿರ ಸಾರಿಗೆಯ ಸಂಶೋಧನಾ ಸಂಸ್ಥೆಗೆ ಹಣವೇಕೆ ಸಿಗುವುದಿಲ್ಲ?
— ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಅಗತ್ಯವನ್ನು ಸರ್ಕಾರವೇ ಒಪ್ಪಿದೆ, ವಾಹನಗಳಿಗಿಂತ ಜನರ ಸಂಚಾರಕ್ಕೆ ಆದ್ಯತೆ ಸಿಗಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿತು. ಹಣದ ದಾರಿ ಮಾತ್ರ ಕಿರಿದಾಯಿತು. ವಿದೇಶಿ ವಂತಿಗೆ ಕಾಯಿದೆಗೆ 2020ರಲ್ಲಿ ಆದ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತಲ್ಲದೆ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನೂ ನಿಷೇಧಿಸಿತು. ಬೆಂಗಳೂರು, ದೆಹಲಿಗಳ ದೊಡ್ಡ ಸಂಸ್ಥೆಗಳ ಮೂಲಕ ಆ ಹಣದಲ್ಲಿ ಪಾಲು ಪಡೆಯುತ್ತಿದ್ದ ಜಿಲ್ಲಾ ಮಟ್ಟದ ಸಂಘಗಳಿಗೆ ಹೆಚ್ಚು ಪೆಟ್ಟು ಕೊಟ್ಟದ್ದು ಈ ಎರಡನೆಯದೇ ಎಂದು ನನ್ನ ಅಭಿಪ್ರಾಯ. ಇನ್ನು 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕಾಗಿದೆ, ನಿಜ. ಆದರೆ ಶಾಲೆಯ ಕೊಠಡಿಗೆ ಕಂಪನಿಯ ಹೆಸರಿನ ಫಲಕ ಹಾಕಬಹುದು, ಪಾದಚಾರಿಗಳ ಎಣಿಕೆಗೆ ಎಲ್ಲಿ ಹಾಕುವುದು?

ಪ್ರಶ್ನೆ: ಪ್ರಯಾಣದ ಸಮೀಕ್ಷೆಗೆಂದು ನಮ್ಮ ಮನೆಗೆ ಬಂದವರು ಹೆಸರು, ಮೊಬೈಲ್ ಸಂಖ್ಯೆಗಳನ್ನೂ ಬರೆದುಕೊಂಡಿದ್ದರು. ಆ ಸಂಸ್ಥೆ ಈಗ ಮುಚ್ಚುತ್ತಿದೆಯಂತೆ. ನಮ್ಮ ವಿವರಗಳ ಗತಿ ಏನು?
— ಓದುಗರು, ಕೋಲಾರ

ಉತ್ತರ: ಕಾರ್ಯದರ್ಶಿಗಳಿಗೆ ಈಗಲೇ ಲಿಖಿತವಾಗಿ ಕೇಳಿ. ಬಂದ ಉದ್ದೇಶ ಮುಗಿದ ಮೇಲೆ ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ತತ್ವಗಳಲ್ಲೊಂದು. ಸಂಶೋಧನೆಗೆ ಬೇಕಾದದ್ದು ನಿಮ್ಮ ವಾರ್ಡು, ವಯಸ್ಸಿನ ಗುಂಪು, ಕೆಲಸಕ್ಕೆ ಹೋಗುವ ಬಗೆ, ದೂರ ಇಷ್ಟೇ ಆದ್ದರಿಂದ, ಹೆಸರು, ಮೊಬೈಲ್ ಸಂಖ್ಯೆ ಮತ್ತು ಮನೆ ಸಂಖ್ಯೆಗಳನ್ನು ತೆಗೆದುಹಾಕಿಯೇ ಉಳಿದ ಮಾಹಿತಿಯನ್ನು ಬೇರೆಯವರಿಗೆ ಕೊಡುವಂತೆ ಒತ್ತಾಯಿಸಿ. ಮೂಲ ಹಾಳೆಗಳನ್ನು ತಮ್ಮೆದುರೇ ಹರಿದು ನಾಶಮಾಡುವುದು ಕಾರ್ಯದರ್ಶಿಗಳ ಹೊಣೆ. ಅವು ಇಡಿಯಾಗಿ ರದ್ದಿ ಅಂಗಡಿಗೆ ಹೋಗಬಾರದು.