ಗೊತ್ತಿರುವ ಪದವೇ ಕೈಕೊಟ್ಟಾಗ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ. ಈ ಸಲ ಬಂದ ಪತ್ರಗಳೆಲ್ಲ ಅಪಠಿತ ಗದ್ಯಾಂಶ ಮತ್ತು ಪದಸಂಪತ್ತಿನ ಬಗ್ಗೆ. ಉತ್ತರಿಸಿದವರು ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿದ ಶಿಕ್ಷಕಿ.

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು, ಕನ್ನಡ ಮಾಧ್ಯಮ. ಜೋರಾಗಿ ಓದು ಅಂದರೆ ಒಂದು ತಪ್ಪಿಲ್ಲದೆ ಓದುತ್ತಾಳೆ. ಆದರೆ ಓದಿದ್ದರ ಮೇಲೆ ನಾಲ್ಕು ಪ್ರಶ್ನೆ ಕೇಳಿದರೆ ಎರಡು ತಪ್ಪು. ಪದ ಗೊತ್ತಿಲ್ಲ, ಅದಕ್ಕೇ ಹೀಗೆ ಅಂತ ಟ್ಯೂಷನ್‌ನವರು ಹೇಳುತ್ತಾರೆ. ದಿನಕ್ಕೆ 20 ಪದ, ಅರ್ಥದ ಜೊತೆ ಬರೆಸುತ್ತಿದ್ದೇನೆ. ಸರಿಯಾ? – ತಾಯಿ, ದಾವಣಗೆರೆ

ಉತ್ತರ: ಆ ಇಪ್ಪತ್ತು ಪದ ಸದ್ಯಕ್ಕೆ ನಿಲ್ಲಿಸಿ. ಮಗುವಿನ ಕೈ ನೋಯುತ್ತದೆ, ಅಷ್ಟೇ.

ಮಕ್ಕಳು ಗೊತ್ತಿಲ್ಲದ ಪದದಲ್ಲಿ ಎಡವುವುದು ಕಡಿಮೆ. ಹೊಸ ಪದ ಬಂದರೆ ಅವರು ನಿಲ್ಲುತ್ತಾರೆ, ಹಿಂದೆ ಮುಂದೆ ನೋಡುತ್ತಾರೆ, ಯಾರನ್ನಾದರೂ ಕೇಳುತ್ತಾರೆ. ಗೊತ್ತಿದೆ ಅಂದುಕೊಂಡ ಪದದ ಹತ್ತಿರ ಮಾತ್ರ ನಿಲ್ಲುವುದೇ ಇಲ್ಲ. ಸರ್ರನೆ ದಾಟಿಬಿಡುತ್ತಾರೆ. ನನ್ನ ಅನುಭವದಲ್ಲಿ ಅಂಕ ಹೋಗುವುದು ಅಲ್ಲಿ. ಒಂದು ಗದ್ಯಾಂಶ ಕೊಡುತ್ತೇನೆ, ಮಗಳ ಮುಂದೆ ಇಟ್ಟು ನೋಡಿ:

"ಬೇಸಿಗೆಯ ಮಧ್ಯಾಹ್ನ ತಗಡಿನ ಚಪ್ಪರದ ನೆರಳಿಗಿಂತ ಬೇವಿನ ಮರದ ನೆರಳು ತಂಪು. ಬಿಸಿಲನ್ನು ಎರಡೂ ತಡೆಯುತ್ತವೆ. ಆದರೆ ಮರವು ಬೇರಿನಿಂದ ಹೀರಿದ ನೀರಿನ ಹೆಚ್ಚಿನ ಭಾಗವನ್ನು ಎಲೆಗಳ ಪತ್ರರಂಧ್ರಗಳ ಮೂಲಕ ಆವಿಯ ರೂಪದಲ್ಲಿ ಹೊರಬಿಡುತ್ತದೆ. ಇದೇ ಬಾಷ್ಪವಿಸರ್ಜನೆ. ನೀರು ಆವಿಯಾಗಲು ಉಷ್ಣ ಬೇಕು. ಅದು ಆ ಉಷ್ಣವನ್ನು ಎಲೆಯಿಂದಲೂ ಸುತ್ತಲಿನ ಗಾಳಿಯಿಂದಲೂ ಪಡೆಯುತ್ತದೆ. ತಗಡಿಗೆ ಈ ಅನುಕೂಲವಿಲ್ಲ. ಅದು ಬಿಸಿಲಿಗೆ ಕಾದು ಕೆಳಗಿರುವವರ ಮೇಲೂ ಉಷ್ಣವನ್ನು ಸೂಸುತ್ತದೆ."

ಮೊದಲ ಪ್ರಶ್ನೆ: ತಗಡಿನ ನೆರಳಿಗಿಂತ ಮರದ ನೆರಳು ಏಕೆ ತಂಪು? ತರಗತಿಯಲ್ಲಿ ಅರ್ಧ ಮಕ್ಕಳು ಬರೆಯುವುದು, "ಏಕೆಂದರೆ ಮರವು ಬಿಸಿಲನ್ನು ತಡೆಯುತ್ತದೆ." ಮಾತು ಸುಳ್ಳಲ್ಲ. ಆದರೆ ತಗಡೂ ಬಿಸಿಲು ತಡೆಯುತ್ತದೆ, ಎರಡನೇ ವಾಕ್ಯದಲ್ಲೇ ಇದೆ. ವ್ಯತ್ಯಾಸ ಶುರುವಾಗುವುದು 'ಆದರೆ' ಇಂದ. ಆ ಮೂರಕ್ಷರವನ್ನು ಮಗು ಕಣ್ಣಲ್ಲಿ ನೋಡಿತು, ತಲೆಗೆ ತೆಗೆದುಕೊಳ್ಳಲಿಲ್ಲ.

ಎರಡನೇ ಪ್ರಶ್ನೆ ಇನ್ನೂ ಸಣ್ಣದು. "ಅದು ಆ ಉಷ್ಣವನ್ನು" ಎಂಬಲ್ಲಿ 'ಅದು' ಯಾವುದು? ಜಾಸ್ತಿ ಜನ 'ಮರ' ಅನ್ನುತ್ತಾರೆ. ಉತ್ತರ 'ನೀರು'. ಕೊನೆಯ ವಾಕ್ಯದ 'ಅದು' ಮರವೂ ಅಲ್ಲ, ನೀರೂ ಅಲ್ಲ, ತಗಡು. ಒಂದೇ ಪದ, ಮೂರು ವಾಕ್ಯದೊಳಗೆ ಮನೆ ಬದಲಾಯಿಸಿದೆ. ಮಗಳಿಗೆ ಪೆನ್ಸಿಲ್ ಕೊಟ್ಟು ಪ್ರತಿ 'ಅದು', 'ಇದು', 'ಅವರು' ಇಂದ ಅದು ಸೂಚಿಸುವ ಪದಕ್ಕೆ ಗೆರೆ ಎಳೆಯಲು ಹೇಳಿ. ಎಂಟತ್ತು ಗದ್ಯಾಂಶ ಆಗುವಷ್ಟರಲ್ಲಿ ಗೆರೆ ಇಲ್ಲದೆಯೂ ಕಾಣಿಸತೊಡಗುತ್ತದೆ.

'ಮಾತ್ರ' ಇನ್ನೊಂದು ಕಳ್ಳ. "ಮಳೆಗಾಲದಲ್ಲಿ ಮಾತ್ರ ಹಳ್ಳ ಹರಿಯುತ್ತದೆ" ಅಂದರೆ ಬೇಸಿಗೆಯಲ್ಲಿ ಹಳ್ಳ ಒಣಗಿರುತ್ತದೆ. "ಮಳೆಗಾಲದಲ್ಲಿ ಹಳ್ಳ ಮಾತ್ರ ಹರಿಯುತ್ತದೆ" ಅಂದರೆ ಬೇರೆ ಯಾವುದೂ ಹರಿಯುವುದಿಲ್ಲ. ಪದಗಳು ಅವೇ, ಜಾಗ ಬೇರೆ. ಇಂಥ ಜೋಡಿ ವಾಕ್ಯಗಳನ್ನು ಊಟ ಮಾಡುವಾಗ ಸುಮ್ನೆ ಆಟದ ಹಾಗೆ ಕೇಳಿ. "ಅಪ್ಪ ಮಾತ್ರ ಮುದ್ದೆ ತಿಂದರು", "ಅಪ್ಪ ಮುದ್ದೆ ಮಾತ್ರ ತಿಂದರು". ಸಾರು ಉಳಿದದ್ದು ಯಾವುದರಲ್ಲಿ?

ಒಂದು ತಪ್ಪೊಪ್ಪಿಗೆಯೂ ಇದೆ. ಪ್ರಶ್ನೆಯಲ್ಲಿರುವ ಪದ ಗದ್ಯಾಂಶದಲ್ಲಿ ಎಲ್ಲಿದೆಯೋ ಹುಡುಕಿ, ಆ ಸಾಲನ್ನೇ ಎತ್ತಿ ಬರೆಯುವ ಅಭ್ಯಾಸ ಮಕ್ಕಳಿಗೆ ಇದೆ. ಅದನ್ನು ಬೆಳೆಸಿದವರು ನಾವೇ, ಶಿಕ್ಷಕರು. ಸಾಲು ಸರಿ ಇದ್ದರೆ ಅಂಕ ಕೊಟ್ಟುಬಿಡುತ್ತಿದ್ದೆವು. ಹಾಗಾಗಿ ಮನೆಯಲ್ಲಾದರೂ ಪುಸ್ತಕ ಮುಚ್ಚಿಸಿ ಕೇಳಿ. ಅಜ್ಜಿಗೆ ಹೇಳುವ ಹಾಗೆ ಹೇಳು ಅನ್ನಿ. "ಬಾಷ್ಪವಿಸರ್ಜನೆಯಿಂದ ತಂಪಾಗುತ್ತದೆ" ಅಂದರೆ ಸಾಲದು. "ಅಜ್ಜಿ, ಎಲೆಯಿಂದ ನೀರು ಆವಿಯಾಗಿ ಹೋಗುತ್ತೆ, ಹೋಗುವಾಗ ಶಾಖ ತಗೊಂಡು ಹೋಗುತ್ತೆ" ಅಂದಳಾ? ಆಗ ಅವಳಿಗೆ ಗೊತ್ತಾಗಿದೆ.

ಪ್ರಶ್ನೆ: ವಿಜ್ಞಾನದ ಪಾಠದಲ್ಲಿ ಬಾಷ್ಪವಿಸರ್ಜನೆ, ದ್ಯುತಿಸಂಶ್ಲೇಷಣೆ, ಪತ್ರಹರಿತ್ತು ಇಂಥ ಪದಗಳೇ. ಮನೆಯಲ್ಲಿ ಯಾರೂ ಇವನ್ನು ಆಡುವುದಿಲ್ಲ. ಬಾಯಿಪಾಠ ಬಿಟ್ಟು ಬೇರೆ ದಾರಿ ಇದೆಯಾ? – ಶಿಕ್ಷಕ, ಸಿರ್ಸಿ

ಉತ್ತರ: ಇಡೀ ಪದವನ್ನು ಮನೆಯಲ್ಲಿ ಆಡುವುದಿಲ್ಲ, ನಿಜ. ಚೂರುಗಳನ್ನು ಮಾತ್ರ ದಿನಾ ಆಡುತ್ತೇವೆ. ಗಣೇಶನ ವಿಸರ್ಜನೆ ಗೊತ್ತಿಲ್ಲದ ಮಗು ಉಂಟೇ? ವಿಧಾನಸಭೆ ವಿಸರ್ಜನೆ ಅಂತ ಟಿವಿಯಲ್ಲಿ ಕೇಳಿರುತ್ತಾರೆ. ಮಲ ವಿಸರ್ಜನೆ ಅಂದರೆ ಇಡೀ ಕ್ಲಾಸು ನಗುತ್ತದೆ. ನಗಲಿ ಬಿಡಿ, ನಕ್ಕ ಪದ ಮರೆಯುವುದಿಲ್ಲ. ಎಲ್ಲ ಕಡೆಯೂ ಅರ್ಥ ಒಂದೇ, ಬಿಟ್ಟುಬಿಡುವುದು, ಕಳಿಸಿಕೊಡುವುದು. ಇನ್ನು ಬಾಷ್ಪ. ಮಗಳ ಮದುವೆಯಲ್ಲಿ ಅಪ್ಪನ ಕಣ್ಣಲ್ಲಿ ಬರುವ ಆನಂದಬಾಷ್ಪದ ಬಾಷ್ಪವೇ ಇದು. ಅಲ್ಲಿ ಕಣ್ಣೀರು, ಇಲ್ಲಿ ಆವಿ. ಸಂಸ್ಕೃತದಲ್ಲಿ ಈ ಪದಕ್ಕೆ ಎರಡೂ ಅರ್ಥ ಇದೆ.

ಪತ್ರಹರಿತ್ತಿನಲ್ಲಿ ಮಕ್ಕಳು 'ಪತ್ರ' ಅಂದರೆ ಕಾಗದ ಅಂದುಕೊಳ್ಳುತ್ತಾರೆ. ಶಿವನಿಗೆ ಏರಿಸುವ ಬಿಲ್ವಪತ್ರೆ ಕಾಗದವಾ ಅಂತ ಕೇಳಿ. ಎಲೆಯೇ ಪತ್ರ, ಹರಿತ್ತು ಅಂದರೆ ಹಸಿರು. ದ್ಯುತಿ ಅಂದರೆ ಬೆಳಕು. ಸಂಶ್ಲೇಷಣೆ ಕಷ್ಟ ಅನಿಸಿದರೆ ವಿಶ್ಲೇಷಣೆಯಿಂದ ಬನ್ನಿ. ಚುನಾವಣೆ ಬಂದರೆ ಟಿವಿಯಲ್ಲಿ ಬರೀ ವಿಶ್ಲೇಷಣೆಯೇ. ಬಿಡಿಸಿ ನೋಡುವುದು ವಿಶ್ಲೇಷಣೆ, ಕೂಡಿಸಿ ಕಟ್ಟುವುದು ಸಂಶ್ಲೇಷಣೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನು ಬೆಳಕಿನ ಬಲದಿಂದ ಕೂಡಿಸಿ ಗಿಡ ಸಕ್ಕರೆ ಕಟ್ಟುತ್ತದೆ. ಪದದೊಳಗೇ ಪಾಠ ಇದೆ ನೋಡಿ.

ಎಚ್ಚರಿಕೆ ಒಂದಿದೆ. ಎರಡು ಪೀರಿಯಡ್ ನಡುವೆ ಅರ್ಥ ಬದಲಾಗುವ ಪದಗಳಿವೆ. ಕನ್ನಡ ಪೀರಿಯಡ್‌ನಲ್ಲಿ ಧಾತು ಅಂದರೆ ಕ್ರಿಯಾಪದದ ಮೂಲ. ಗಂಟೆ ಹೊಡೆದು ವಿಜ್ಞಾನದ ಮೇಷ್ಟ್ರು ಬಂದರೆ ಅದೇ ಧಾತು ಚಿನ್ನ, ಕಬ್ಬಿಣ, ಆಮ್ಲಜನಕ. ಕೋಶವೂ ಹಾಗೇ, ಪದಕೋಶದಲ್ಲಿ ಒಂದು, ಜೀವಕೋಶದಲ್ಲಿ ಇನ್ನೊಂದು. ಇಂಥವನ್ನು ಗೋಡೆಯ ಮೇಲೆ ಎರಡು ಅರ್ಥದ ಜೊತೆ ಬರೆದು ಅಂಟಿಸಿ. ಮಕ್ಕಳೇ ಹುಡುಕಿಕೊಂಡು ಬಂದು ಸೇರಿಸುತ್ತಾರೆ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ 'ಸಂಧಿ'ಗೆ ಮೂರು ಅರ್ಥ ತಂದಿದ್ದ: ಲೋಪಸಂಧಿಯ ಸಂಧಿ, ಅಜ್ಜನ ಸಂಧಿವಾತದ ಸಂಧಿ, ಮನೆ ಹಿಂದಿನ ಸಂದಿ. ಮೂರನೆಯದರಲ್ಲಿ ಮಹಾಪ್ರಾಣ ಇಲ್ಲ ಅಂತ ನಾನು ತಿದ್ದಲು ಹೋದೆ. ಆದರೂ ಅದನ್ನು ಗೋಡೆಯಿಂದ ತೆಗೆಯಲು ಮನಸ್ಸಾಗಲಿಲ್ಲ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಇತಿಹಾಸದ ಗದ್ಯಾಂಶ ಕೊಟ್ಟು "ಇವುಗಳಲ್ಲಿ ಯಾವುದು ಸರಿ" ಅಂದಾಗ ಎರಡು ಆಯ್ಕೆ ಸರಿ ಅನಿಸುತ್ತವೆ. ನಾನು ಆರಿಸಿದ್ದು ಪ್ರತಿ ಸಲ ತಪ್ಪಾಗುತ್ತದೆ. – ಓದುಗ, ಕಲಬುರಗಿ

ಉತ್ತರ: ನಿಮಗೆ ಇತಿಹಾಸ ಚೆನ್ನಾಗಿ ಗೊತ್ತಿದೆ, ತೊಂದರೆ ಆಗಿರುವುದು ಅದರಿಂದಲೇ ಇರಬೇಕು. ಇದನ್ನು ಓದಿ:

"ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ 16 ಸಾಲುಗಳಿವೆ. ಅದರಲ್ಲಿ ಇಸವಿ ಇಲ್ಲ. ಲಿಪಿ ಮತ್ತು ಭಾಷೆಯ ಲಕ್ಷಣ ನೋಡಿ ವಿದ್ವಾಂಸರು ಅದು ಸುಮಾರು ಕ್ರಿ.ಶ. 450ರದ್ದು ಎಂದು ಅಂದಾಜು ಮಾಡಿದ್ದಾರೆ. ಯುದ್ಧದಲ್ಲಿ ಶೌರ್ಯ ತೋರಿದ ವಿಜ ಅರಸ ಎಂಬುವನಿಗೆ ಪಲ್ಮಡಿ, ಮೂಳಿವಳ್ಳಿ ಎಂಬ ಊರುಗಳನ್ನು 'ಬಾಳ್ಗಳ್ಚು' ಆಗಿ ಕೊಟ್ಟಿದ್ದನ್ನು ಅದು ದಾಖಲಿಸುತ್ತದೆ."

ಮೂರು ಆಯ್ಕೆ. ಒಂದು, ಶಾಸನದಲ್ಲಿ ಕ್ರಿ.ಶ. 450 ಎಂದು ಬರೆದಿದೆ. ಎರಡು, ಇದು ಕನ್ನಡದ ಮೊದಲ ಶಾಸನ. ಮೂರು, ಶಾಸನದ ಕಾಲವನ್ನು ಲಿಪಿ ಮತ್ತು ಭಾಷೆಯ ಆಧಾರದಿಂದ ಹೇಳಲಾಗಿದೆ.

ಎರಡನೆಯದಕ್ಕೆ ಕೈ ಹೋಯಿತಾ? ಶಾಲೆಯಲ್ಲಿ ಹಾಗೇ ಕಲಿತಿದ್ದೇವೆ. ಆದರೆ ಈ ಗದ್ಯಾಂಶದಲ್ಲಿ ಆ ಮಾತು ಎಲ್ಲಿದೆ ತೋರಿಸಿ. ಇಲ್ಲ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಸಿಕ್ಕ ಶಾಸನ ಇದಕ್ಕಿಂತ ಹಳೆಯದು ಎಂಬ ವಾದವೂ ಈಗ ಇದೆ, ಅದು ಬೇರೆ ವಿಷಯ. ಗದ್ಯಾಂಶದ ಪ್ರಶ್ನೆಗೆ ಸಾಕ್ಷಿ ಗದ್ಯಾಂಶದೊಳಗೇ ಇರಬೇಕು. ಹೊರಗಿನ ಸಾಕ್ಷಿ ಎಷ್ಟೇ ನಿಜವಾದರೂ ಇಲ್ಲಿ ನಡೆಯುವುದಿಲ್ಲ. ಮೊದಲನೇ ಆಯ್ಕೆಯಲ್ಲಿ ಅಂಕಿ ಸರಿ, 'ಬರೆದಿದೆ' ತಪ್ಪು. 'ಅಂದಾಜು ಮಾಡಿದ್ದಾರೆ', 'ಇರಬಹುದು', 'ಎನ್ನಲಾಗಿದೆ' ಇವುಗಳನ್ನು ಪರೀಕ್ಷೆ ತೆಗೆಯುವವರು ಬೇಕಂತಲೇ ಬದಲಾಯಿಸುತ್ತಾರೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅಷ್ಟರಲ್ಲಿ ಕಣ್ಣು ಮುಂದಿನ ಸಾಲಿಗೆ ಹಾರಿರುತ್ತದೆ. ವಾಕ್ಯದ ಬಾಲ ಓದಿ.

'ಬಾಳ್ಗಳ್ಚು' ನೋಡಿ ನೀವು 'ಬಾಳು' ಅಂದರೆ ಜೀವನ, ಜೀವನಕ್ಕೆಂದು ಕೊಟ್ಟಿದ್ದು ಅಂದುಕೊಂಡರೆ ತಪ್ಪಿಲ್ಲ. ನನ್ನ ಎಷ್ಟೋ ವಿದ್ಯಾರ್ಥಿಗಳು ಹಾಗೇ ಬರೆದಿದ್ದಾರೆ. ಹಳಗನ್ನಡದಲ್ಲಿ ಬಾಳ್ ಅಂದರೆ ಕತ್ತಿ ಕೂಡ, ಕಳ್ಚು ಅಂದರೆ ತೊಳೆ. ವೀರನ ಕತ್ತಿ ತೊಳೆದು ಕೊಡುವ ದತ್ತಿ ಬಾಳ್ಗಳ್ಚು. ಹಿಂದಿನ ಸಾಲಲ್ಲೇ ಯುದ್ಧ ಇದೆಯಲ್ಲ, ಸುಳಿವು ಅದು. ಪಲ್ಮಡಿಯೇ ಇವತ್ತಿನ ಹಲ್ಮಿಡಿ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಈ ಒಂದು ಕೀಲಿ ಕೈಲಿದ್ದರೆ ಹಳಗನ್ನಡದ ಬಹಳ ಪದಗಳ ಬಾಗಿಲು ತೆಗೆಯುತ್ತದೆ.

ಪ್ರಶ್ನೆ: ಹತ್ತರವರೆಗೆ ಕನ್ನಡ ಮಾಧ್ಯಮ, ಈಗ ಪಿಯುಸಿ ಸೈನ್ಸ್ ಇಂಗ್ಲಿಷ್‌ನಲ್ಲಿ. ಫಿಸಿಕ್ಸ್ ಪುಸ್ತಕದ ಒಂದು ಪುಟಕ್ಕೆ ಅರ್ಧ ಗಂಟೆ ಬೇಕು. ಪ್ರತಿ ಪದಕ್ಕೂ ಡಿಕ್ಷನರಿ ನೋಡುತ್ತೇನೆ. – ವಿದ್ಯಾರ್ಥಿನಿ, ಚಾಮರಾಜನಗರ

ಉತ್ತರ: ಪ್ರತಿ ಪದಕ್ಕೆ ಬೇಡ ಪುಟ್ಟಿ. ಒಂಬತ್ತನೇ ಕ್ಲಾಸಿನ ನಿನ್ನ ಹಳೇ ವಿಜ್ಞಾನ ಪುಸ್ತಕ ಮಾರಿಬಿಟ್ಟಿಲ್ಲ ತಾನೆ? ಅದೇ ನಿನ್ನ ಡಿಕ್ಷನರಿ. ಚಲನೆಯ ಪಾಠ ಮೊದಲು ಅದರಲ್ಲಿ ಓದು, ಆಮೇಲೆ ಇಂಗ್ಲಿಷ್ ಪುಟ ತೆಗೆ. ಸ್ಪೀಡ್ ಅಂದರೆ ಜವ, ವೆಲಾಸಿಟಿ ಅಂದರೆ ವೇಗ. ಬಸ್ಸು ವೇಗವಾಗಿ ಹೋಯಿತು ಅಂತ ನಾವು ಆಡುತ್ತೇವೆ, ಆದರೆ ಪುಸ್ತಕದ ವೇಗಕ್ಕೆ ದಿಕ್ಕೂ ಬೇಕು. 'ವರ್ಕ್' ಕೂಡ ಅಷ್ಟೇ. ಭತ್ತದ ಮೂಟೆ ಹೊತ್ತು ಒಂದು ಗಂಟೆ ನಿಂತಲ್ಲೇ ನಿಂತವನು ಮೂಟೆಯ ಮೇಲೆ ಫಿಸಿಕ್ಸ್ ಪ್ರಕಾರ ಕೆಲಸವನ್ನೇ ಮಾಡಿಲ್ಲ! ಬೆನ್ನು ನೋವು ಅವನಿಗೆ ಉಚಿತ. ಇಂಗ್ಲಿಷ್‌ನಲ್ಲೂ ಸತಾಯಿಸುವುದು ಇಂಥ ಸುಲಭದ ಪದಗಳೇ. ಉಳಿದವಕ್ಕೆ ಪುಟಕ್ಕೆ ಐದು ಪದ ಸಾಕು, ಅವನ್ನು ಕೂಡ ಇಡೀ ಪುಟ ಒಮ್ಮೆ ಓದಿ ಮುಗಿಸಿದ ಮೇಲೆ ನೋಡು. ಕನ್ನಡ ಪದಕ್ಕೆ ಇಂಗ್ಲಿಷ್ ಬೇಕಾದಾಗ ಆನ್‌ಲೈನ್‌ನಲ್ಲಿ 'ಅಲರ್' ನಿಘಂಟು ಉಚಿತವಾಗಿ ಸಿಗುತ್ತದೆ. ಹುಡುಕುವಾಗ 'ಹೋದಳು' ಅಂತ ಹಾಕಬೇಡ, 'ಹೋಗು' ಅಂತ ಹಾಕು.

ಪ್ರಶ್ನೆ: ಮೊದಲು ಗದ್ಯಾಂಶ ಓದಬೇಕಾ, ಪ್ರಶ್ನೆ ಓದಬೇಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. – ಓದುಗ, ತುಮಕೂರು

ಉತ್ತರ: ಪ್ರಶ್ನೆಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಅರ್ಧ ನಿಮಿಷ. ಉತ್ತರದ ಆಯ್ಕೆಗಳನ್ನು ಮಾತ್ರ ಆಗಲೇ ಓದಬೇಡಿ, ನಾಲ್ಕರಲ್ಲಿ ಮೂರು ತಪ್ಪು ಮಾತುಗಳು ತಲೆಯಲ್ಲಿ ಕೂತುಬಿಡುತ್ತವೆ. ಆಮೇಲೆ ಗದ್ಯಾಂಶವನ್ನು ಮೊದಲಿಂದ ಕೊನೆವರೆಗೆ ಒಂದು ಸಲ ನಿಧಾನವಾಗಿ ಓದಿ. ಗಡಿಬಿಡಿಯಲ್ಲಿ ಮೂರು ಸಲ ಓದುವುದಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ನಂಬಿಕೆ ಬಾರದಿದ್ದರೆ ಮೇಲಿನ ಬೇವಿನ ಮರದ ಗದ್ಯಾಂಶವನ್ನೇ ಎರಡೂ ರೀತಿ ಓದಿ, ಗಡಿಯಾರ ಇಟ್ಟುಕೊಂಡು ನೋಡಿ.